ಕಂಬದ ಹಾರ್ನು, ಕಾವೇರಿ ದಡದ ತಂಬೂರಿ

ಹಾಸನದ ಎನ್.ಆರ್. ವೃತ್ತದಿಂದ ಬಿ.ಎಂ. ರಸ್ತೆಯ ಗದ್ದಲ ಬಿಟ್ಟು ಒಳಗಿನ ಅಡ್ಡರಸ್ತೆಗಿಳಿದರೆ ಒಂದು ಸ್ಪೀಕರ್ ರಿಪೇರಿ ಅಂಗಡಿ ಸಿಗುತ್ತದೆ. ಬೋರ್ಡು ಓದುವ ಮೊದಲೇ ಗುರುತು ಹತ್ತುತ್ತದೆ. ಬಾಗಿಲ ಪಕ್ಕದಲ್ಲಿ ಒಂದರೊಳಗೊಂದು ತೂರಿಸಿಟ್ಟ ಅಲ್ಯೂಮಿನಿಯಂ ಹಾರ್ನುಗಳು, ಒಳಗೆ ಕೋನ್ ಹರಿದ ದೊಡ್ಡ ಸ್ಪೀಕರುಗಳು, ಅಂಟಿನ ವಾಸನೆ, ಸೋಲ್ಡರಿಂಗ್ ಹೊಗೆ. ಮೇಜಿನ ಮೇಲೆ ಬಿಚ್ಚಿಟ್ಟ ಯೂನಿಟ್ ಒಂದರ ವಾಯ್ಸ್ ಕಾಯಿಲ್ ಕಪ್ಪಗೆ ಕರಕಲಾಗಿತ್ತು.

‘ಇದು ಯಾಕೆ ಸುಡ್ತದೆ ಗೊತ್ತಾ ಸಾ?’ ಅಂಗಡಿಯ ಯಜಮಾನರು ಕಾಯಿಲನ್ನು ಚಿಮ್ಮಟದಲ್ಲಿ ಎತ್ತಿ ತೋರಿಸಿದರು. ‘ಹಾರ್ನ್ ತಪ್ಪಲ್ಲ. ಆಂಪ್ಲಿಫೈಯರ್ ತಿರುಪು ಕೊನೇವರ್ಗೂ ತಿರುಗಿಸ್ತಾರಲ್ಲ, ಅದ್ರಿಂದ. ಸಾಲದು ಅಂತ ಬೇಸೂ ಜಾಸ್ತಿ ಮಾಡ್ತಾರೆ. ಹಾರ್ನಲ್ಲಿ ಬೇಸ್ ಎಲ್ಲಿಂದ ಬರ್ಬೇಕು?’

ನಾನು ಬಂದದ್ದು ಇಂಥ ಮಾತಿಗೇ. ಹಾರ್ನಿನ ಮಾತು ಬಂದರೆ ಜಪಾನನ್ನು ನೆನೆಯದೆ ಇರಲಾಗದು. ಆಡಿಯೊ ಹುಚ್ಚು ಹಿಡಿದವರಿಗೆ ಜಪಾನ್ ಎಂದರೆ ಕಾಶಿ. ಟೋಕಿಯೊದ ಶಿಬುಯಾದಲ್ಲಿ 1926ರಿಂದ ನಡೆದುಬಂದಿರುವ ‘ಲಯನ್’ ಎಂಬ ಕಾಫಿ ಮನೆಯಿದೆ. ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಎದ್ದ ಕಟ್ಟಡ ಅದು. ಅಲ್ಲಿ ಕುರ್ಚಿಗಳೆಲ್ಲ ಆಳೆತ್ತರಕ್ಕೂ ಮೀರಿದ ಮರದ ಸ್ಪೀಕರುಗಳ ಕಡೆಗೇ ಮುಖ ಮಾಡಿವೆ, ಮಾತಾಡುವಂತಿಲ್ಲ. ಉತ್ತರದ ಇಚಿನೊಸೆಕಿ ಎಂಬ ಸಣ್ಣ ಊರಿನಲ್ಲಿ 1970ರಲ್ಲಿ ಶುರುವಾದ ‘ಬೇಸಿ’ ಎಂಬ ಜಾಝ್ ಕಾಫಿ ಮನೆಗೆ, ಅಲ್ಲಿನ ಜೆಬಿಎಲ್ ಸ್ಪೀಕರುಗಳನ್ನು ಕೇಳಲೆಂದೇ ದೂರದೂರದಿಂದ ಜನ ಹೋಗುತ್ತಿದ್ದರು. ಯಮಾಹಾ 1974ರಲ್ಲಿ ಬೆರಿಲಿಯಂ ಡಯಾಫ್ರಾಮ್ ಹಾಕಿದ ಎನ್‌ಎಸ್-1000ಎಂ ತಂದಿತು, ಮರುವರ್ಷ ಪಯೊನೀರ್ ಕಂಪನಿ ಟ್ಯಾಡ್ ಎಂಬ ವಿಭಾಗ ತೆರೆಯಿತು. ಇವತ್ತಿಗೂ ಅಲ್ಲಿನ ರಸಿಕರು ಎಂಟು ವ್ಯಾಟಿನ ವಾಲ್ವ್ ಆಂಪ್ಲಿಫೈಯರಿಗೆ ಮನುಷ್ಯನಷ್ಟು ಉದ್ದದ ಹಾರ್ನ್ ಜೋಡಿಸಿ ಕೂರುತ್ತಾರೆ. ಒಂದೊಂದು ಜೋಡಿಯ ಬೆಲೆಗೆ ಹಾಸನದಲ್ಲಿ ಸೈಟು ಬರುತ್ತದೆ.

ಆ ಹಾರ್ನೂ ನಮ್ಮೂರ ದೇವಸ್ಥಾನದ ಕಂಬಕ್ಕೆ ಕಟ್ಟುವ ಹಾರ್ನೂ ಒಂದೇ ವಂಶದವು ಎಂಬುದನ್ನು ನಮ್ಮ ಆಡಿಯೊ ಪ್ರಿಯರು ಸಾಮಾನ್ಯವಾಗಿ ಬಾಯಿ ಬಿಟ್ಟು ಹೇಳುವುದಿಲ್ಲ. ಎರಡರಲ್ಲೂ ಒಂದು ಸಣ್ಣ ಡಯಾಫ್ರಾಮ್ ಇಕ್ಕಟ್ಟಾದ ಗಂಟಲಲ್ಲಿ ಗಾಳಿಯನ್ನು ಒತ್ತುತ್ತದೆ. ಆ ಒತ್ತಡ ನಿಧಾನವಾಗಿ ಅಗಲವಾಗುವ ಕೊಳವೆಯಲ್ಲಿ ಹರಡಿ ಬಾಯಿಂದ ಹೊರಬರುತ್ತದೆ. ಜಪಾನಿನದು ನೀಳವಾಗಿ ಚಾಚಿಕೊಂಡಿರುತ್ತದೆ. ನಮ್ಮದನ್ನು ಗಾಡಿಗೆ ಹೇರಬೇಕು, ಕಂಬ ಹತ್ತಿಸಬೇಕು, ಹಾಗಾಗಿ ಕೊಳವೆಯನ್ನು ಒಳಗೊಳಗೇ ಮಡಚಿದ್ದಾರೆ. ಲಾಭ ಮಾತ್ರ ಒಂದೇ. ಮನೆಯ ಪೆಟ್ಟಿಗೆ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ 85ರಿಂದ 90 ಡೆಸಿಬಲ್ ಸಿಗುತ್ತದೆ, ಹಾರ್ನಿನಲ್ಲಿ 105ರಿಂದ 110. ಇಪ್ಪತ್ತು ಡೆಸಿಬಲ್ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ನೂರು ಪಟ್ಟು. ಪೆಟ್ಟಿಗೆ ನೂರು ವ್ಯಾಟ್ ನುಂಗಿ ಮಾಡುವ ಸದ್ದನ್ನು ಹಾರ್ನು ಒಂದೇ ವ್ಯಾಟಿನಲ್ಲಿ ಮಾಡುತ್ತದೆ. ಕರೆಂಟಿಲ್ಲದ ಊರುಗಳಿಗೆ ಕಾರಿನ ಬ್ಯಾಟರಿ ಹೊತ್ತುಕೊಂಡು ಹೋಗುತ್ತಿದ್ದ ಮೈಕ್ ಸೆಟ್ಟಿನವರ ಬದುಕು ನಿಂತಿದ್ದೇ ಈ ಲೆಕ್ಕದ ಮೇಲೆ. ಗಾಂಧಿ, ನೆಹರು ಭಾಷಣದ ಹಳೆಯ ಫೋಟೊಗಳಲ್ಲಿ ಮೈಕಿನ ಮೇಲೆ ಕಾಣುವ ‘ಚಿಕಾಗೊ ರೇಡಿಯೊ’, 1940ರಿಂದ ನಡೆದುಬಂದಿರುವ ‘ಅಹುಜಾ’, ಇವೆರಡು ಹೆಸರು ಕೇಳದ ಹಳ್ಳಿ ಈ ದೇಶದಲ್ಲಿ ಕಡಿಮೆ.

ಕಳೆದುಕೊಳ್ಳುವುದೂ ಇದೆ. ಮಡಚಿದ ಹಾರ್ನು ಸುಮಾರು 300 ಹರ್ಟ್ಸಿನಿಂದ ಕೆಳಗೆ ಕೈಚೆಲ್ಲುತ್ತದೆ, ಆರೇಳು ಸಾವಿರದಿಂದ ಮೇಲೆಯೂ ಅಷ್ಟೆ. ನಡುವಿನದು ಮನುಷ್ಯನ ಮಾತಿನ ಜಾಗ. ಆ ಜಾಗದಲ್ಲಿ ಅದನ್ನು ಮೀರಿಸುವ ಸಾಧನವನ್ನು ಅಷ್ಟು ಅಗ್ಗದಲ್ಲಿ ಇನ್ನೂ ಯಾರೂ ಮಾಡಿಲ್ಲ.

ಈ ಮಾತಿಗೆ ಸಾಕ್ಷಿ ಬೇಕಾದರೆ ಊರ ನಾಟಕ ನೋಡಬೇಕು. ಹಾಸನ, ಮಂಡ್ಯ, ತುಮಕೂರು ಸೀಮೆಯ ಪೌರಾಣಿಕ ನಾಟಕದ ಗೀಳು ಬೇರೆಯವರಿಗೆ ಹೇಳಿ ತಿಳಿಸುವಂಥದ್ದಲ್ಲ. ಹಾಸನಾಂಬ ಕಲಾಕ್ಷೇತ್ರದಲ್ಲಿ ‘ಕುರುಕ್ಷೇತ್ರ’ ಇದ್ದ ದಿನ ಬೆಳಿಗ್ಗೆಯೇ ಲಾರಿಯಲ್ಲಿ ಸೀನರಿ ಬಂದಿಳಿಯುತ್ತದೆ. ರೈತರು, ಮೇಷ್ಟರು, ಪೊಲೀಸ್ ಕೆಲಸದವರು, ಗುತ್ತಿಗೆದಾರರು ತಮ್ಮ ಕೈಯಿಂದ ಹಣ ಕಟ್ಟಿ ಪಾತ್ರ ಹಿಡಿದಿರುತ್ತಾರೆ. ದುರ್ಯೋಧನನಿಗೊಂದು ದರ, ಸೈನಿಕನಿಗೊಂದು ದರ. ಡ್ರಾಮಾ ಮಾಸ್ಟರು ಹಾರ್ಮೋನಿಯಂ ಮುಂದೆ ಕೂತು ಮಟ್ಟು ಎತ್ತುತ್ತಾರೆ. ರಂಗದ ಮೇಲ್ಗಡೆಯಿಂದ ಮೈಕುಗಳು ವೈರಿನಲ್ಲಿ ಜೋತುಬಿದ್ದಿರುತ್ತವೆ. ಕೃಷ್ಣ ಎಲ್ಲಿ ಬೇಕಾದರೂ ನಡೆಯಲಿ, ಕಂದಪದ್ಯ ಬಂದೊಡನೆ ತಾನಾಗಿ ಜೋತ ಮೈಕಿನ ಕೆಳಗೆ ಬಂದು ಕತ್ತೆತ್ತಿ ನಿಲ್ಲುತ್ತಾನೆ. ದುರ್ಯೋಧನನೂ ಭೀಮನೂ ಒಂದೇ ಮೈಕಿಗೆ ಪೈಪೋಟಿ ನಡೆಸುವಾಗ ಗದಾಯುದ್ಧ ಅಲ್ಲಿಂದಲೇ ಶುರುವಾದಂತೆ ಕಾಣುತ್ತದೆ. ನಿರ್ದೇಶನ ಕಲಿತವರು ಇದಕ್ಕೆ ನಗುತ್ತಾರೆ. ನನಗೆ ಇದೊಂದು ಪಳಗಿದ ತಂತ್ರವಾಗಿ ಕಾಣುತ್ತದೆ. ತಾರಕಕ್ಕೆ ಏರುವ ಮುನ್ನ ಅರ್ಧ ಹೆಜ್ಜೆ ಹಿಂದೆ ಸರಿಯುವುದನ್ನು ಈ ನಟರಿಗೆ ಯಾರೂ ಕಲಿಸಿಲ್ಲ, ಮೈಕಿನ ಕಿರುಚಾಟವೇ ಕಲಿಸಿದೆ.

ಮೊದಲೆಲ್ಲ ಊರ ಬಯಲಿನಲ್ಲಿ ಬೆಳಗಿನ ಜಾವದವರೆಗೆ ನಡೆಯುತ್ತಿದ್ದ ಆಟ ಇದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದೊಳಗೆ ವಿನಾಯಿತಿ ಇದೆ. ನಿಯಮ ಸರಿಯೇ. ಆದರೆ ಸಭಾಂಗಣದ ಗೋಡೆಗಳ ನಡುವೆ ಪೆಟ್ಟಿಗೆ ಸ್ಪೀಕರುಗಳು ಗುಂಯ್‌ಗುಡುವಾಗ ಪದ್ಯದ ಅಕ್ಷರ ಅರ್ಧ ಕರಗಿಹೋಗುತ್ತದೆ. ಬಯಲಲ್ಲಿ ಎರಡು ಹಾರ್ನು ಇದ್ದಾಗ ಪಕ್ಕದ ಊರಿನವರಿಗೂ ಪದಪದ ಬಿಡಿಸಿ ಕೇಳುತ್ತಿತ್ತು. ಕೇಳಬೇಕೆಂದು ಇಷ್ಟವಿಲ್ಲದವರಿಗೂ ಕೇಳುತ್ತಿತ್ತು ಎನ್ನುವುದನ್ನೂ ಸೇರಿಸಿಬಿಡೋಣ.

ಹಾಸನದಿಂದ ಹೊರಟು ಚನ್ನರಾಯಪಟ್ಟಣದಲ್ಲಿ ಇಳಿದು ಶ್ರವಣಬೆಳಗೊಳದ ಬಸ್ಸು ಹತ್ತಿದೆ. ವಿಂಧ್ಯಗಿರಿಯ ಬಂಡೆಗೆ ಕೆತ್ತಿದ ಮೆಟ್ಟಿಲು ಬರಿಗಾಲಿನಲ್ಲಿ ಹತ್ತುವಾಗ ಬಿಸಿಲಿಗಿಂತ ಮೊದಲು ನನ್ನ ಗಮನಕ್ಕೆ ಬಂದದ್ದು ಸದ್ದು. ಮರವಿಲ್ಲ, ಮಣ್ಣಿಲ್ಲ, ಸದ್ದನ್ನು ಹೀರಿಕೊಳ್ಳುವ ವಸ್ತುವೇ ಇಲ್ಲ. ಕೆಳಗೆ ಕಲ್ಯಾಣಿಯ ಬಳಿ ಯಾರೋ ಮಗುವನ್ನು ಕೂಗಿದ್ದು ಪಕ್ಕದಲ್ಲೇ ಕೂಗಿದಂತೆ ಬಂತು. ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ ಗೊಮ್ಮಟನಿಗೆ 58 ಅಡಿ ಎತ್ತರ; ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಹಿಂದಿನದು 2018ರ ಫೆಬ್ರವರಿಯಲ್ಲಿ ನಡೆಯಿತು. ಅಂಥ ದಿನಗಳಲ್ಲಿ ಇಲ್ಲಿ ಧ್ವನಿವರ್ಧಕ ಹೂಡುವವರ ಕಷ್ಟ ಸಾಮಾನ್ಯವಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ವೈರಿನಲ್ಲಿ ಕ್ಷಣಮಾತ್ರದಲ್ಲಿ. ಬೆಟ್ಟದ ಮೇಲೊಂದು ಹಾರ್ನು, 170 ಮೀಟರ್ ಆಚೆ ಇನ್ನೊಂದು ಇದ್ದರೆ, ಒಂದರ ಪಕ್ಕ ನಿಂತವನಿಗೆ ಇನ್ನೊಂದರ ಮಾತು ಅರ್ಧ ಸೆಕೆಂಡ್ ತಡವಾಗಿ ಬಂದು ಮೊದಲಿನದರ ಮೇಲೆ ಬೀಳುತ್ತದೆ. ಜಾತ್ರೆಯಲ್ಲಿ ‘ಕಳೆದುಹೋದ ಮಗು ಪೊಲೀಸ್ ಚೌಕಿಯಲ್ಲಿದೆ’ ಎಂಬ ಪ್ರಕಟಣೆ ಯಾಕೆ ಯಾರಿಗೂ ಅರ್ಥವಾಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಈಗ ದೊಡ್ಡ ಸಮಾರಂಭಗಳಲ್ಲಿ ದೂರದ ಸ್ಪೀಕರುಗಳಿಗೆ ಬೇಕೆಂದೇ ಅಷ್ಟು ಹೊತ್ತು ತಡಮಾಡಿ ಸದ್ದು ಕಳಿಸುವ ಯಂತ್ರ ಹಾಕುತ್ತಾರೆ. ಹಳ್ಳಿಯ ಮೈಕ್ ಸೆಟ್ಟಿನವರು ಅದಿಲ್ಲದೆಯೂ ಒಂದು ಉಪಾಯ ಬಲ್ಲರು: ಹಾರ್ನುಗಳನ್ನೆಲ್ಲ ಒಂದೇ ಕಂಬಕ್ಕೆ ಕಟ್ಟಿ ನಾಲ್ಕು ದಿಕ್ಕಿಗೆ ತಿರುಗಿಸುವುದು.

ಹೊಳೆನರಸೀಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೇಮಾವತಿ ಸೇತುವೆ, ಲಕ್ಷ್ಮೀನರಸಿಂಹನ ಗುಡಿ, ತೇರಿನ ಬೀದಿ. ಇಲ್ಲಿ ಹಾರ್ನಿನ ಇತಿಹಾಸವೆಂದರೆ ಚುನಾವಣೆಯ ಇತಿಹಾಸ. ಎಚ್.ಡಿ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದದ್ದು ಈ ಕ್ಷೇತ್ರದಿಂದ, 1996ರಲ್ಲಿ ಪ್ರಧಾನಿಯಾದರು. ಬಸ್ ನಿಲ್ದಾಣದ ಬಳಿ ಆಟೊವೊಂದು ಎರಡು ಹಾರ್ನು ಹೊತ್ತು ಯಾವುದೋ ಸೀರೆ ಅಂಗಡಿಯ ರಿಯಾಯಿತಿ ಸಾರುತ್ತಿತ್ತು. ಪೆನ್‌ಡ್ರೈವಿನಿಂದ ಬರುವ ದನಿ, ಬಾಡಿಗೆಯ ಉತ್ಸಾಹ. ಮತ ಕೇಳುವ ಆಟೊಗೂ ಸೀರೆ ಮಾರುವ ಆಟೊಗೂ ದನಿ ಕೊಡುವವರು ಒಬ್ಬರೇ ಇರಬೇಕೆಂದು ನನ್ನ ಗುಮಾನಿ.

ಅರಕಲಗೂಡು ದಾಟಿ ರಾಮನಾಥಪುರದ ಕಡೆಗೆ ಹೊರಟರೆ ನೆಲ ಹಸಿರಾಗುತ್ತದೆ, ಹೊಗೆಸೊಪ್ಪಿನ ಬ್ಯಾರನ್‌ಗಳು ಕಾಣಿಸಿಕೊಳ್ಳುತ್ತವೆ. ಕಾವೇರಿ ದಡದ ರುದ್ರಪಟ್ಟಣ ಈ ತಾಲ್ಲೂಕಿನ ದಕ್ಷಿಣದಂಚಿನ ಊರು. ಸಂಕೇತಿ ಬ್ರಾಹ್ಮಣರ ಅಗ್ರಹಾರ. ಇಷ್ಟು ಸಣ್ಣ ಊರು ಇಷ್ಟು ಜನ ಸಂಗೀತಗಾರರನ್ನು ಹೇಗೆ ಕೊಟ್ಟಿತು ಎಂದು ಯೋಚಿಸುತ್ತಲೇ ಬೀದಿಯಲ್ಲಿ ನಡೆದೆ. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, ಅವರ ಅಣ್ಣ ಪಿಟೀಲಿನ ಆರ್.ಕೆ. ವೆಂಕಟರಾಮಶಾಸ್ತ್ರಿ, ವೀಣೆಯ ಆರ್.ಎನ್. ದೊರೆಸ್ವಾಮಿ, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ. ಪಟ್ಟಿ ಇನ್ನೂ ಬೆಳೆಯುತ್ತದೆ.

ಪದ್ಮನಾಭ ಅವರು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ದೂರದಿಂದಲೇ ಕಾಣುತ್ತದೆ. ಕಟ್ಟಡದ ಆಕಾರ ತಂಬೂರಿಯದು. ಬುರುಡೆಯೊಳಗೆ ಮಂದಿರ, ದಂಡಿ ಆಕಾಶಕ್ಕೆ. ಒಳಗೆ ಸರಸ್ವತಿಯ ಜೊತೆ ವಾದಿರಾಜ, ಪುರಂದರ, ಕನಕ ಮತ್ತು ಸಂಗೀತ ತ್ರಿಮೂರ್ತಿಗಳು. ವಾಸ್ತುಶಿಲ್ಪವೆಂದು ನೋಡಿದರೆ ನನಗೆ ಇಂಥ ನೇರ ಆಕಾರಗಳ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಆದರೆ ಆರಿಸಿಕೊಂಡ ವಾದ್ಯ ಸರಿಯಾಗಿದೆ. ವೀಣೆಯಲ್ಲ, ಪಿಟೀಲಲ್ಲ, ತಂಬೂರಿ!

ಯಾವುದೇ ಸ್ಪೀಕರಿಗೆ ತಂಬೂರಿಗಿಂತ ಕಠಿಣ ಪರೀಕ್ಷೆ ಇಲ್ಲ. ಗಂಡಸರ ತಂಬೂರಿಯನ್ನು ಸಿ ಶ್ರುತಿಗೆ ಕೂಡಿಸಿದರೆ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸಿನಲ್ಲಿ ಮಿಡಿಯುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ದಾರವನ್ನು ಕೂದಲೆಳೆಯಷ್ಟು ಸರಿಸಿ ಜೀವಾಳ ಹಿಡಿದಾಗ, ಅದೇ ತಂತಿಯಿಂದ ಸಾವಿರಾರು ಹರ್ಟ್ಸಿನವರೆಗೆ ಸ್ವರಗಳ ಮೇಲೆ ಸ್ವರಗಳು ಎದ್ದುಬರುತ್ತವೆ. ಗಾಂಧಾರವನ್ನು ಯಾರೂ ಮೀಟದಿದ್ದರೂ ಗಾಂಧಾರ ಕೇಳುತ್ತದೆ. ಕಂಬದ ಹಾರ್ನಿನಲ್ಲಿ ಇದನ್ನು ಕೇಳಿಸಿದರೆ ಬುಡದ 65 ಬರುವುದೇ ಇಲ್ಲ. ಆದರೂ ನಮಗೆ ಮಂದ್ರ ಷಡ್ಜ ಕೇಳಿಸುತ್ತದೆ! ಮೇಲಿನ ಸ್ವರಗಳ ನಡುವಿನ ಅಂತರ ಹಿಡಿದು ಮಿದುಳು ಇಲ್ಲದ ಬುಡವನ್ನು ತಾನೇ ತುಂಬಿಕೊಳ್ಳುತ್ತದೆ. ಅಗ್ಗದ ಹಾರ್ನಿನಲ್ಲಿ ಬೆಳಗಿನ ಸುಪ್ರಭಾತ ಕೇಳಿ ಬೆಳೆದ ಕಿವಿಗಳು ಸಂಗೀತಕ್ಕೆ ಹೊರತಾಗದೆ ಉಳಿದದ್ದು ಈ ದಯೆಯಿಂದ.

ರುದ್ರಪಟ್ಟಣದ ಕಲಾವಿದರಿಗೂ ಮೈಕಿಗೂ ಇದ್ದ ನಂಟು ಬೇರೆ ಬಗೆಯದು. ಶ್ರೀಕಂಠನ್ ಅವರ ತಂದೆ ಕೃಷ್ಣಶಾಸ್ತ್ರಿಗಳ ಕಾಲದಲ್ಲಿ ಹರಿಕಥೆ, ಗಮಕಗಳೆಲ್ಲ ಬರಿಗಂಟಲಿನಿಂದ ನಡೆಯುತ್ತಿದ್ದವು. ಮಗ ದಶಕಗಳ ಕಾಲ ಆಕಾಶವಾಣಿಯಲ್ಲಿ ದುಡಿದವರು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಮೇಲೆ ಈ ಸೀಮೆಯ ಹಾಡುಗಾರಿಕೆಗೆ ಹೊಸದೊಂದು ಸಭೆ ಸಿಕ್ಕಿತು, ಎದುರಿಗೆ ಒಬ್ಬರೂ ಕೂರದ ಸಭೆ. ಅಲ್ಲಿ ಕೂಗಬೇಕಾಗಿಲ್ಲ. ಸಾಹಿತ್ಯದ ಒಂದೊಂದು ಅಕ್ಷರವೂ ಬಿಡಿಸಿ ಕೇಳಬೇಕು. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಹಾಡಿದರು. ಅವರ ಧ್ವನಿಮುದ್ರಿಕೆಗಳಲ್ಲಿ ಕೃತಿಯ ಪದಗಳು ಎಷ್ಟು ಸ್ಫುಟವಾಗಿವೆಯೆಂದರೆ ಫೋನಿನ ಸ್ಪೀಕರೂ ಅವನ್ನು ಕೆಡಿಸಲಾರದು. 2011ರಲ್ಲಿ ಪದ್ಮಭೂಷಣ ಬಂತು, 2014ರ ಫೆಬ್ರವರಿಯಲ್ಲಿ ತೀರಿಕೊಂಡರು. ವೀಣೆಗೆ ಮೈಕಿನಿಂದ ಆದ ಉಪಕಾರ ಇನ್ನೂ ದೊಡ್ಡದು. ಮೂರನೇ ಸಾಲಿಗೆ ಮುಟ್ಟದ ವಾದ್ಯ ಅದು. ಈಗಿನ ಕಾಂಟ್ಯಾಕ್ಟ್ ಮೈಕು ಆ ಉಪಕಾರವನ್ನು ತುಸು ಅತಿಮಾಡಿದೆ, ಮರದ ದನಿ ಹೋಗಿ ತಂತಿಯ ದನಿ ಮಾತ್ರ ಉಳಿಯುವಷ್ಟು.

ಮಂದಿರದ ಜಗಲಿಯಲ್ಲಿ ಸಿಕ್ಕ ಹಿರಿಯರೊಬ್ಬರೊಡನೆ ಈ ವಿಚಾರ ತೆಗೆದೆ. ಇಲ್ಲಿನ ಸಂಗೀತೋತ್ಸವಕ್ಕೆ ತಪ್ಪದೆ ಕೂರುವವರಂತೆ. ಜಪಾನಿನ ಕಾಫಿ ಮನೆಯ ಸಂಗತಿ ಹೇಳಿದಾಗ ಆಸಕ್ತಿಯಿಂದ ಕೇಳಿದರು. ಮಾತಾಡದೆ ಕೂರುತ್ತಾರೆ ಎಂಬುದು ಅವರಿಗೆ ಹಿಡಿಸಿತು, ಸ್ಪೀಕರಿನ ಬೆಲೆ ಹಿಡಿಸಲಿಲ್ಲ.

‘ನಮಗೆ ಅಷ್ಟೆಲ್ಲ ಬೇಡಪ್ಪ. ಎರಡು ಕಾಲಮ್ ಸ್ಪೀಕರ್ ಸಾಕು. ಕಚೇರಿಗೆ ಬರುವ ಮೈಕ್ ಸೆಟ್ಟಿನ ಹುಡುಗರು ನನ್ನೆತ್ತರದ ಪೆಟ್ಟಿಗೆ ಇಳಿಸ್ತಾರೆ. ಹಾಡೋರಿಗೆ ಒಂದು ಮೈಕು, ಮೃದಂಗಕ್ಕೆ ಎರಡು! ಒಂದು ಕೃತಿ ಮುಗಿಯೋದರೊಳಗೆ ಎದೆ ದಡದಡ ಅನ್ನತ್ತೆ. ಹೋದ ಸಲ ಹೇಳಿಯೇಬಿಟ್ಟೆ.’

‘ಏನಂದ್ರಿ?’

‘ಮೃದಂಗಕ್ಕೆ ಆಗಲೇ ಎರಡು ಮುಖ ಇದೆ, ನೀನು ಇನ್ನೆರಡು ಕಟ್ಟಬೇಡ ಅಂದೆ. ಒಂದು ತೆಗೆದ.’