ಅಂಚೆಯಲ್ಲಿ ಸಂಚರಿಸುವ ಕಾದಂಬರಿ: ವೈಜ್ಞಾನಿಕ ಕಥಾಸಾಹಿತ್ಯದ ಚದುರಿದ ವಾಚಕವರ್ಗವನ್ನು ಕುರಿತು

1. ವಿಷಯದ ಸ್ವರೂಪ

ಒಂದು ಗ್ರಂಥಕ್ಕೆ ಓದುಗರಿದ್ದಾರೆಂಬುದು ಬೇರೆ, ವಾಚಕವರ್ಗವಿದೆಯೆಂಬುದು ಬೇರೆ. ಒಂದೇ ಪುಸ್ತಕವನ್ನು ನೂರು ಊರುಗಳಲ್ಲಿ ನೂರು ಮಂದಿ ಓದಿ, ಒಬ್ಬರ ಅಭಿಪ್ರಾಯ ಮತ್ತೊಬ್ಬರಿಗೆ ತಿಳಿಯದೆ ಹೋದರೆ ಅವರು ನೂರು ಮಂದಿ ಓದುಗರು ಮಾತ್ರ. ಅವರೊಳಗೆ ಮಾತುಕತೆ ನಡೆದು, ಮೆಚ್ಚಿಕೆ ಆಕ್ಷೇಪಗಳು ವಿನಿಮಯಗೊಂಡು, ಅದರ ಪರಿಣಾಮವು ಲೇಖಕನವರೆಗೆ ಮುಟ್ಟಿದಾಗ ಮಾತ್ರ ಒಂದು ವಾಚಕವರ್ಗ ಸಿದ್ಧವಾಗುತ್ತದೆ. ಸಾಮಾಜಿಕ ಕಾದಂಬರಿಗಾಗಲಿ ಐತಿಹಾಸಿಕ ಕಾದಂಬರಿಗಾಗಲಿ ಈ ಕಾರ್ಯವು ಊರಿನ ವಾಚನಾಲಯದಲ್ಲಿಯೂ ಕಾಲೇಜಿನ ಸಾಹಿತ್ಯಸಂಘದಲ್ಲಿಯೂ ಬಹುಮಟ್ಟಿಗೆ ತಾನಾಗಿ ನಡೆಯಬಲ್ಲುದು. ವೈಜ್ಞಾನಿಕ ಕಾದಂಬರಿಯ ಸ್ಥಿತಿ ಹಾಗಲ್ಲ. ಅದನ್ನು ಆಸಕ್ತಿಯಿಂದ ಓದತಕ್ಕವರು ಒಂದು ಊರಿನಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರನ್ನು ಒಂದುಗೂಡಿಸುವುದು ದೂರವನ್ನು ಗಣಿಸದ ಒಂದು ಸಾಧನದಿಂದಲೇ ಆಗಬೇಕು. ಲೋಕದಲ್ಲಿ ಈ ಸಾಹಿತ್ಯಪ್ರಕಾರ ಬೆಳೆದ ಕಡೆಗಳಲ್ಲಿ ಆ ಸಾಧನ ಅಂಚೆಯೇ ಆಗಿತ್ತು.

ಅಂಚೆಯು ಕನ್ನಡದ ಕಾದಂಬರಿಗೆ ಮಾಡಿದ ಉಪಕಾರವೇನು, ವೈಜ್ಞಾನಿಕ ಕಾದಂಬರಿಗೆ ಮಾಡದೆ ಉಳಿದುದೇನು, ಒಂದೇ ಪ್ರತಿಯನ್ನು ದೂರದೂರದ ಓದುಗರು ಅಂಚೆಯ ಮೂಲಕ ಹಂಚಿಕೊಂಡು ಓದುವ ಕ್ರಮ ಹೇಗೆ ನಡೆಯತಕ್ಕದ್ದು ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿವೇಚಿಸಲಾಗಿದೆ.

2. ಅಂಚೆ ಮತ್ತು ಕನ್ನಡ ಕಾದಂಬರಿ

ಭಾರತದಲ್ಲಿ 1854ರಲ್ಲಿ ಏಕರೂಪದ ಅಂಚೆದರ ಜಾರಿಗೆ ಬಂದಿತು. ಅದರ ಮುಖ್ಯ ತತ್ತ್ವ ಇಷ್ಟೆ: ದರವನ್ನು ತೂಕ ನಿರ್ಣಯಿಸುತ್ತದೆ, ದೂರವಲ್ಲ. ಸಾಹಿತ್ಯಪ್ರಸಾರದ ದೃಷ್ಟಿಯಿಂದ ಇದರ ಮಹತ್ತ್ವವನ್ನು ಎಷ್ಟು ಹೇಳಿದರೂ ಸಾಲದು. ನೆರೆಯ ಬೀದಿಯ ಓದುಗನೂ ಸಾವಿರ ಮೈಲಿಯಾಚೆಯ ಓದುಗನೂ ಪ್ರಕಾಶಕನಿಗೆ ಸಮಾನರಾದರು. 1877ರಲ್ಲಿ ವಿ.ಪಿ.ಪಿ. ಪದ್ಧತಿ ಬಂದ ಮೇಲೆ ಇನ್ನೊಂದು ತೊಡಕೂ ನಿವಾರಣೆಯಾಯಿತು. ಮುಖಪರಿಚಯವಿಲ್ಲದ ಗಿರಾಕಿಗೆ ಪುಸ್ತಕವನ್ನು ಮೊದಲೇ ಕಳುಹಿಸಲು ಪ್ರಕಾಶಕನಿಗೆ ಅಳುಕು. ಕಾಣದ ಪುಸ್ತಕಕ್ಕೆ ಹಣವನ್ನು ಮೊದಲೇ ಕಳುಹಿಸಲು ಗಿರಾಕಿಗೆ ಅಳುಕು. ಅಂಚೆಯವನು ಮನೆಯ ಬಾಗಿಲಲ್ಲಿ ಹಣ ಪಡೆದು ಕಟ್ಟನ್ನು ಒಪ್ಪಿಸುವ ವ್ಯವಸ್ಥೆಯಿಂದ ಇಬ್ಬರ ಅಳುಕೂ ಕಳೆಯಿತು. 1880ರಲ್ಲಿ ಮನಿಯಾರ್ಡರು ಬಂದುದರಿಂದ ಚಂದಾ ಹಣವನ್ನು ಕಳುಹಿಸುವ ದಾರಿಯೂ ಸುಗಮವಾಯಿತು.

ಈ ಅನುಕೂಲಗಳ ಆಧಾರದ ಮೇಲೆಯೇ ಕನ್ನಡದ ಮಾಸಪತ್ರಿಕೆಗಳೂ ಗ್ರಂಥಮಾಲೆಗಳೂ ನಿಂತವು. ಗಳಗನಾಥರು ಪುಸ್ತಕದ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ವಿದಿತವೇ ಆಗಿದೆ. ಅದೇ ಗಳಗನಾಥರು 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ತಮ್ಮ ಕಾದಂಬರಿಗಳನ್ನು ಕಂತುಕಂತಾಗಿ ಚಂದಾದಾರರಿಗೆ ಮುಟ್ಟಿಸಿದರು. ಕಾಲ್ನಡಿಗೆಯೂ ಅಂಚೆಯೂ ಒಬ್ಬನೇ ಲೇಖಕನ ಜೀವನದಲ್ಲಿ ಒಂದರ ಪಕ್ಕದಲ್ಲೊಂದು ದುಡಿದುದನ್ನು ಇಲ್ಲಿ ಕಾಣುತ್ತೇವೆ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರಿಗೆ ಪ್ರತಿವರ್ಷ ಪುಸ್ತಕಗಳನ್ನು ಕಳುಹಿಸುವ ಕ್ರಮವನ್ನು ರೂಢಿಸಿತು. ಆಗ ಕನ್ನಡನಾಡು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು ಮೊದಲಾದ ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿತ್ತು. ಆಡಳಿತದಲ್ಲಿ ಒಂದಾಗದಿದ್ದ ಓದುಗರು ಗ್ರಂಥಮಾಲೆಯ ವಿಳಾಸಪಟ್ಟಿಯಲ್ಲಿ ಒಂದಾಗಿದ್ದರು.

ಕರಾವಳಿಯ ಉದಾಹರಣೆಯನ್ನೂ ನೋಡಬಹುದು. ಉಡುಪಿಯ ಸೀಮೆಯಿಂದ ಮುಂಬಯಿಗೆ ದುಡಿಮೆಗಾಗಿ ಹೋದವರ ಪರಂಪರೆ ದೊಡ್ಡದು. ಅಲ್ಲಿ ಕರಾವಳಿಯವರೇ ನಡೆಸಿಕೊಂಡು ಬಂದ ‘ಮೊಗವೀರ’ ಮಾಸಪತ್ರಿಕೆಯಂಥ ಪ್ರಯತ್ನಗಳು ಕನ್ನಡದ ಓದು ಊರಿನಿಂದ ನಗರಕ್ಕೆ ಮಾತ್ರವಲ್ಲದೆ ನಗರದಿಂದ ಊರಿಗೂ ಹರಿಯುತ್ತದೆಂಬುದನ್ನು ತೋರಿಸುತ್ತವೆ. ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ ‘ಕಸ್ತೂರಿ’ಯನ್ನು ಬಹುಕಾಲ ಬೆಳೆಸಿದ ಪಾ. ವೆಂ. ಆಚಾರ್ಯರು ಉಡುಪಿಯವರೇ. ಒಂದು ಪುಸ್ತಕದ ಸಂಗ್ರಹರೂಪವನ್ನು ಸಂಚಿಕೆಯಲ್ಲಿಯೇ ಕೊಡುವ ಆ ಪತ್ರಿಕೆಯ ಪುಸ್ತಕ ವಿಭಾಗವು, ಪುಸ್ತಕದ ಅಂಗಡಿಯೇ ಇಲ್ಲದ ಹಳ್ಳಿಗೂ ಹೊರನಾಡಿನ ಸಾಹಿತ್ಯವನ್ನು ತಲುಪಿಸಿತು.

3. ಪತ್ರವ್ಯವಹಾರದಿಂದ ಬೆಳೆದ ಪ್ರಕಾರ

ಅಮೆರಿಕದಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಅದರಲ್ಲಿ ಓದುಗರ ಪತ್ರಗಳನ್ನು ಅವರ ಪೂರ್ಣ ವಿಳಾಸದೊಡನೆ ಅಚ್ಚುಮಾಡುವ ಪದ್ಧತಿ ಬೆಳೆಯಿತು. ನೋಡುವುದಕ್ಕೆ ಸಣ್ಣ ಸಂಗತಿ; ಆದರೆ ಅದರ ಫಲ ದೊಡ್ಡದು. ಓದುಗರು ಸಂಪಾದಕನನ್ನು ದಾಟಿ ಪರಸ್ಪರ ಪತ್ರ ಬರೆದುಕೊಳ್ಳತೊಡಗಿದರು. ಪತ್ರಮೈತ್ರಿಯಿಂದ ಸಂಘಗಳು ಹುಟ್ಟಿದವು. ಸಂಘಗಳಿಂದ ಕೈಯಚ್ಚಿನ ಪತ್ರಿಕೆಗಳು ಹುಟ್ಟಿದವು. 1933ರಲ್ಲಿ ಆರಂಭವಾದ ‘ಕಾಸ್ಮಾಸ್’ ಎಂಬ ಧಾರಾವಾಹಿಯನ್ನು ಹಲವು ಲೇಖಕರು ಒಬ್ಬೊಬ್ಬರು ಒಂದೊಂದು ಅಧ್ಯಾಯದಂತೆ ಬರೆದರು. 1937ರಲ್ಲಿ ಡೊನಾಲ್ಡ್ ವೊಲ್‌ಹೈಮ್ ಮೊದಲಾದವರು ಸ್ಥಾಪಿಸಿದ ಒಂದು ಸಂಘದ ನಿಯಮ ಇನ್ನೂ ಗಮನಾರ್ಹವಾದುದು: ಪ್ರತಿಯೊಬ್ಬ ಸದಸ್ಯನೂ ತನ್ನ ಬರಹದ ಪ್ರತಿಗಳನ್ನು ಕೇಂದ್ರಕ್ಕೆ ಕಳುಹಿಸುವನು, ಕೇಂದ್ರದವನು ಅವನ್ನೆಲ್ಲ ಒಂದು ಕಟ್ಟಾಗಿ ಕಟ್ಟಿ ಎಲ್ಲ ಸದಸ್ಯರಿಗೂ ಅಂಚೆಯಲ್ಲಿ ಹಂಚುವನು.

ಭಾರತೀಯ ಭಾಷೆಗಳಲ್ಲಿ ಈ ಪ್ರಕಾರದ ಚರಿತ್ರೆಯೂ ಹೊರಗಿನ ಆಹ್ವಾನಕ್ಕೆ ಬರೆದು ಕಳುಹಿಸಿದ ಕಥೆಗಳಿಂದ ಗುರುತು ಪಡೆದಿದೆ. ಜಗದೀಶಚಂದ್ರ ಬೋಸರ ಬಂಗಾಳಿ ಕಥೆ 1896ರಲ್ಲಿ ಬಹುಮಾನ ಪಡೆದುದು ಒಂದು ಕೇಶತೈಲದ ಉದ್ಯಮದವರು ಏರ್ಪಡಿಸಿದ ಸ್ಪರ್ಧೆಯಲ್ಲಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಜಯಂತ ನಾರಳೀಕರರು ‘ಕೃಷ್ಣವಿವರ’ ಎಂಬ ಕಥೆಯನ್ನು ಕಳುಹಿಸಿದಾಗ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಎಂದು ಹೆಸರಿಟ್ಟುಕೊಂಡರು. ಕೈಬರಹದ ಗುರುತು ಹತ್ತಬಾರದೆಂದು ಕಥೆಯನ್ನು ಪತ್ನಿಯಿಂದ ಬರೆಸಿದರು. ತೀರ್ಪುಗಾರರ ಮುಂದೆ ಪ್ರಸಿದ್ಧ ಖಗೋಲವಿಜ್ಞಾನಿಯಿರಲಿಲ್ಲ, ಕಾಗದದ ಮೇಲಿನ ಕಥೆಯೊಂದೇ ಇದ್ದಿತು. ಆ ಕಥೆಗೆ ಬಹುಮಾನ ಬಂದುದು ಕಥೆಯ ಯೋಗ್ಯತೆಯಿಂದಲೇ.

ಕನ್ನಡದಲ್ಲಿ ವಿಜ್ಞಾನದ ಬರವಣಿಗೆಗೆ ಕೊರತೆಯಿರಲಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು 1918ರಲ್ಲಿಯೇ ಆರಂಭಿಸಿದ್ದರು. ಶಿವರಾಮ ಕಾರಂತರ ‘ಬಾಲಪ್ರಪಂಚ’ ‘ವಿಜ್ಞಾನ ಪ್ರಪಂಚ’ಗಳು ಕರಾವಳಿಯ ನೆಲದಲ್ಲಿಯೇ ಸಿದ್ಧವಾದ ಮಹಾಕಾರ್ಯಗಳು. ಮುಂದೆ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆ ಕಾದಂಬರಿಗಳಿಗಾಗಿಯೇ ಹೆಸರಾದರು. ‘ಮನು’ ಅವರ ‘ಮಹಾಸಂಪರ್ಕ’ದಂಥ ಬೃಹತ್ಕಾದಂಬರಿಯೂ ಬಂದಿತು. 1980ರ ತೇಜಸ್ವಿಯವರ ‘ಕರ್ವಾಲೊ’ ಈ ಪ್ರಕಾರಕ್ಕೆ ಸೇರುವುದೇ ಎಂಬುದು ಚರ್ಚಾಸ್ಪದವಾದರೂ, ವಿಜ್ಞಾನದ ಬೆರಗನ್ನು ಕನ್ನಡದ ಓದುಗ ಎಷ್ಟು ಪ್ರೀತಿಯಿಂದ ಸ್ವೀಕರಿಸಬಲ್ಲನೆಂಬುದಕ್ಕೆ ಅದು ಸಾಕ್ಷಿ. ಲೇಖಕರಿದ್ದರು, ಗ್ರಂಥಗಳಿದ್ದವು. ನಮ್ಮ ಅಂಚೆಯ ಸಂಚಾರ ಮಾತ್ರ ಮುಖ್ಯವಾಗಿ ಕೇಂದ್ರದಿಂದ ಅಂಚಿಗೆ ಹರಿಯಿತು. ಚಂದಾದಾರರ ವಿಳಾಸಗಳು ಕಚೇರಿಯ ವಹಿಯಲ್ಲಿದ್ದವು. ಒಬ್ಬ ಚಂದಾದಾರನಿಗೆ ಇನ್ನೊಬ್ಬನ ವಿಳಾಸ ತಿಳಿಯುತ್ತಿರಲಿಲ್ಲ. ಬಹುಸಂಖ್ಯ ಓದುಗರಿರುವ ಪ್ರಕಾರಗಳಿಗೆ ಇದು ದೊಡ್ಡ ಕೊರತೆಯಾಗಲಿಲ್ಲ. ವಿರಳ ಓದುಗರ ಪ್ರಕಾರಕ್ಕೆ ಆಯಿತೆಂದು ನಮ್ಮ ಅಭಿಪ್ರಾಯ.

4. ಹಂಚಿಕೆಯ ಕ್ರಮ

ಇನ್ನು ಕ್ರಮವನ್ನು ವಿವರಿಸುವುದಕ್ಕೆ ಶಂಕರಪುರದಿಂದ ಆರಂಭಿಸೋಣ. ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ಮಾರ್ಗದಲ್ಲಿರುವ ಈ ಊರು ಮಲ್ಲಿಗೆಗೆ ಹೆಸರಾದುದು. ಇಲ್ಲಿ 800 ಹೂಗಳ ಒಂದು ಚೆಂಡು, ನಾಲ್ಕು ಚೆಂಡುಗಳ ಒಂದು ಅಟ್ಟೆ ಎಂಬ ಲೆಕ್ಕ. ಬೆಳಗ್ಗೆ ಕೊಯ್ದ ಮೊಗ್ಗು ಅಂದೇ ಕಟ್ಟಿಸಿಕೊಂಡು ಅಂದೇ ಹೊರಡಬೇಕು. ತಡವಾದರೆ ಅದಕ್ಕೆ ಬೆಲೆಯಿಲ್ಲ. ಪುಸ್ತಕದ ಸ್ವಭಾವ ಇದಕ್ಕೆ ವಿಪರೀತ. ಅದು ತಡವಾಗಿ ಮುಟ್ಟಿದರೆ ಬಾಡುವುದಿಲ್ಲ, ಆದರೆ ಸಾಗಣೆಯ ವೆಚ್ಚ ಹೆಚ್ಚಿದರೆ ಹೊರಡುವುದೇ ಇಲ್ಲ. ಹೂವಿಗೆ ವೇಗದ ದಾರಿ ಬೇಕು, ಪುಸ್ತಕಕ್ಕೆ ಅಗ್ಗದ ದಾರಿ ಬೇಕು.

ಶಂಕರಪುರದ ಒಬ್ಬ ಓದುಗನೊಡನೆ ಉಡುಪಿ, ಕಾರ್ಕಳ, ಕಾಸರಗೋಡು, ಧಾರವಾಡ, ಮುಂಬಯಿ ಮೊದಲಾದ ಊರುಗಳ ಒಂಬತ್ತು ಮಂದಿ ಸೇರಿ ಹತ್ತು ಮಂದಿಯ ಒಂದು ಕೂಟವಾಯಿತೆಂದು ಭಾವಿಸೋಣ. ಪ್ರತಿಯನ್ನು ಸಂಚರಿಸಲು ಎರಡು ವಿಧಾನಗಳುಂಟು. ಮೊದಲನೆಯದು ಚಕ್ರಕ್ರಮ: ಒಬ್ಬನು ಓದಿ ಪಟ್ಟಿಯಲ್ಲಿ ತನ್ನ ಮುಂದಿನವನಿಗೆ ಕಳುಹಿಸುವನು, ಹತ್ತನೆಯವನು ಮೊದಲನೆಯವನಿಗೆ ಮರಳಿಸುವನು. ಹತ್ತು ರವಾನೆಗಳು ಸಾಕು. ಎರಡನೆಯದು ಕೇಂದ್ರಕ್ರಮ: ಪ್ರತಿಯೊಬ್ಬನೂ ಓದಿ ಕೇಂದ್ರಕ್ಕೆ ಮರಳಿಸುವನು, ಕೇಂದ್ರವು ಮುಂದಿನವನಿಗೆ ಕಳುಹಿಸುವುದು. ಇದರಲ್ಲಿ ರವಾನೆಗಳು ಹೆಚ್ಚುಕಡಮೆ ಇಮ್ಮಡಿಯಾಗುತ್ತವೆ. ಚಕ್ರಕ್ರಮದಲ್ಲಿ ಮಿತವ್ಯಯವಿದೆ, ಆದರೆ ಒಬ್ಬನ ಉದಾಸೀನದಿಂದ ಸಮಸ್ತವೂ ನಿಲ್ಲುತ್ತದೆ, ಎಲ್ಲಿ ನಿಂತಿತೆಂಬುದೂ ಬೇಗ ತಿಳಿಯುವುದಿಲ್ಲ. ಕೇಂದ್ರಕ್ರಮದಲ್ಲಿ ಲೋಪ ಒಡನೆಯೇ ಗೊತ್ತಾಗುತ್ತದೆ, ವೆಚ್ಚ ಹೆಚ್ಚು.

ಕಾಲದ ಲೆಕ್ಕ: ಓದಲು 21 ದಿನ, ದಾರಿಗೆ 7 ದಿನ ಎಂದಿಟ್ಟುಕೊಂಡರೆ ಒಬ್ಬರಿಗೆ 28 ದಿನ, ಹತ್ತು ಮಂದಿಗೆ 280 ದಿನ. ಕಾಲೇಜಿನ ಒಂದು ವರ್ಷದೊಳಗೆ ಒಂದು ಸುತ್ತು ಮುಗಿಯುತ್ತದೆ. ಎರಡು ಪ್ರತಿಗಳನ್ನು ಕೊಂಡು ಪಟ್ಟಿಯ ಎರಡು ಅರ್ಧಗಳಲ್ಲಿ ಬಿಟ್ಟರೆ ಕಾಲವೂ ಅರ್ಧವಾಗುತ್ತದೆ. ಲೇಖಕನ ಹಿತದೃಷ್ಟಿಯಿಂದಲೂ ಇದು ಮೇಲು. ಹತ್ತು ಮಂದಿ ಒಂದೇ ಪ್ರತಿಯನ್ನು ಆಶ್ರಯಿಸುವುದರಲ್ಲಿ ಪ್ರಕಾಶಕನಿಗೆ ಲಾಭವಿಲ್ಲ. ಕೊಂಡ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸುವುದು ನ್ಯಾಯಸಮ್ಮತ. ಇಡೀ ಕಾದಂಬರಿಯ ನೆರಳಚ್ಚು ತೆಗೆದು ಹಂಚುವುದು ಹಾಗಲ್ಲವೆಂಬುದನ್ನು ಸದಸ್ಯರು ಮರೆಯತಕ್ಕದ್ದಲ್ಲ.

ಅಭಿಪ್ರಾಯದ ವಿಷಯದಲ್ಲಿ ಬೇರೆಯೇ ಒಂದು ನಿಯಮ ಬೇಕು. ಬುಕ್ ಪೋಸ್ಟಿನ ಕಟ್ಟು ಪರೀಕ್ಷೆಗೆ ತೆರೆದಂತಿರಬೇಕು, ಅದರೊಳಗೆ ಖಾಸಗಿ ಪತ್ರವಿರಕೂಡದು ಎಂಬುದು ಹಿಂದಿನಿಂದ ಬಂದ ನಿಯಮ. ಅಲ್ಲದೆ ವೈಜ್ಞಾನಿಕ ಕಾದಂಬರಿಯ ಸ್ವಾರಸ್ಯ ಎಷ್ಟೋ ವೇಳೆ ಕೊನೆಯಲ್ಲಿ ಬಿಚ್ಚಿಕೊಳ್ಳುವ ಒಂದು ರಹಸ್ಯದಲ್ಲಿರುತ್ತದೆ. ಹಿಂದಿನವನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿದ್ದರೆ ಮುಂದಿನವನ ಓದು ಕೆಡುತ್ತದೆ. ಆದುದರಿಂದ ಪುಸ್ತಕವು ಚಕ್ರದಲ್ಲಿಯೂ ಅಭಿಪ್ರಾಯಗಳು ಕೇಂದ್ರಕ್ಕೂ ಹೋಗುವುದು ಯುಕ್ತ. ಪ್ರತಿಯೊಬ್ಬನೂ ಓದಿ ಮುಗಿಸಿದೊಡನೆ ಮುಚ್ಚಿದ ಪತ್ರವೊಂದನ್ನು ಸಂಚಾಲಕನಿಗೆ ಬರೆಯುವನು. ಸುತ್ತು ಮುಗಿದ ಮೇಲೆ ಎಲ್ಲ ಪತ್ರಗಳ ಪ್ರತಿಗಳೂ ಎಲ್ಲರಿಗೂ ಸಲ್ಲುವುವು. ಪತ್ರ ಬಂದುದೇ ಪುಸ್ತಕ ಮುಂದೆ ಹೋಯಿತೆಂಬುದಕ್ಕೆ ಸೂಚನೆಯಾಗುವುದರಿಂದ ಚಕ್ರಕ್ರಮದ ದೋಷವೂ ಇದರಿಂದ ನೀಗುತ್ತದೆ.

ಈ ಪತ್ರಗಳಿಂದ ಆಗುವ ಪ್ರಯೋಜನವು ಸಾಹಿತ್ಯಚರ್ಚೆಗಿಂತ ವಿಸ್ತಾರವಾದುದು. ಮರಾಠಿಯಲ್ಲಿ ‘ಕೃಷ್ಣವಿವರ’ವೆಂದುದನ್ನು ಕನ್ನಡದಲ್ಲಿ ಕೃಷ್ಣವಿವರವೆನ್ನಬೇಕೆ, ಕಪ್ಪುರಂಧ್ರವೆನ್ನಬೇಕೆ, ಕಪ್ಪುಕುಳಿಯೆನ್ನಬೇಕೆ? ಪಾರಿಭಾಷಿಕ ಕೋಶವು ಒಂದು ಪದವನ್ನು ಸೂಚಿಸಬಲ್ಲುದು. ಅದು ಕಥೆಯ ವಾಕ್ಯದಲ್ಲಿ ಉಸಿರಾಡುವುದೇ ಎಂಬುದನ್ನು ಓದುಗನೇ ಹೇಳಬೇಕು. ಕಾರ್ಕಳದ ಭೌತಶಾಸ್ತ್ರದ ಅಧ್ಯಾಪಕನೊಬ್ಬ, ಧಾರವಾಡದ ಕನ್ನಡ ವಿದ್ಯಾರ್ಥಿನಿಯೊಬ್ಬಳು, ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಓದುಗನೊಬ್ಬ ಒಂದೇ ಪದದ ಬಗೆಗೆ ಬರೆದ ಮೂರು ಅಭಿಪ್ರಾಯಗಳು ಭಾಷೆಗೆ ಅಮೂಲ್ಯವಾದ ಸಾಮಗ್ರಿ.

5. ಇಂದಿನ ಸ್ಥಿತಿ

ಅಗ್ಗದ ದಾರಿಯ ಪ್ರಶ್ನೆ ಈಗ ಕೇವಲ ತಾತ್ತ್ವಿಕವಾಗಿ ಉಳಿದಿಲ್ಲ. ಮುದ್ರಿತ ಪುಸ್ತಕಗಳಿಗಾಗಿ ಇದ್ದ ರಿಯಾಯಿತಿ ದರದ ರಿಜಿಸ್ಟರ್ಡ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್ 18ರಿಂದ ನಿಲ್ಲಿಸಿತು. ಸಣ್ಣ ಪ್ರಕಾಶಕರೂ ಪುಸ್ತಕಪ್ರಿಯರೂ ಇದರಿಂದ ಚಿಂತಿತರಾದರು. ಅನಂತರ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಆರಂಭವಾಯಿತು. ಅದರಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗ್ರಾಂವರೆಗೆ 100 ರೂಪಾಯಿ, ಜೊತೆಗೆ ತೆರಿಗೆ ಎಂದು ಆರಂಭದ ದರವನ್ನು ನಿಗದಿಗೊಳಿಸಲಾಯಿತು, ಸಾಗಣೆ ಭೂಮಾರ್ಗದಿಂದ. 300 ಗ್ರಾಂ ಮೀರದ ಒಂದು ಕಾದಂಬರಿಗೆ ಹತ್ತು ರವಾನೆಗಳಿಗೆ ತೆರಿಗೆಯ ಹೊರತು 200 ರೂಪಾಯಿ, ಎಂದರೆ ಒಬ್ಬನಿಗೆ 20 ರೂಪಾಯಿ. 1854ರ ತತ್ತ್ವ, ಎಂದರೆ ದೂರಕ್ಕೆ ದರವಿಲ್ಲವೆಂಬುದು, ಇಲ್ಲಿಯೂ ಉಳಿದಿರುವುದು ಸಂತೋಷದ ಸಂಗತಿ.

ಆದರೆ ಈ ಸೇವೆ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಗ್ರಂಥಗಳಿಗಾಗಿ ಏರ್ಪಟ್ಟುದು, ನಿಯತಕಾಲಿಕಗಳಿಗೆ ಸಲ್ಲದು. ಮಂಗಳಗ್ರಹದ ಪಯಣವನ್ನು ಕಲ್ಪಿಸುವ ಕಾದಂಬರಿ ಈ ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತದೆ? ಕಲ್ಪನೆಯೂ ಜ್ಞಾನದ ಒಂದು ಅಂಗವೇ ಎಂಬ ಪ್ರಶ್ನೆ ಹೀಗೆ ಕಾವ್ಯಮೀಮಾಂಸೆಯಿಂದ ಹೊರಟು ಅಂಚೆಕಚೇರಿಯ ತಕ್ಕಡಿಯವರೆಗೆ ಬಂದು ನಿಂತಿದೆ. ಕಾದಂಬರಿಯೊಂದನ್ನು ವಿಶ್ವವಿದ್ಯಾಲಯ ಪಠ್ಯವಾಗಿ ಅಂಗೀಕರಿಸಿದರೆ ಅದು ಶೈಕ್ಷಣಿಕ ಗ್ರಂಥವೆಂದು ವಾದಿಸುವುದು ಸುಲಭವಾಗುತ್ತದೆ. ಆದಕಾರಣ ಪಠ್ಯಗಳನ್ನು ಆಯುವ ಅಧ್ಯಾಪಕರ ನಿರ್ಣಯಕ್ಕೆ ತರಗತಿಯ ಹೊರಗೂ ಪರಿಣಾಮವುಂಟು.

ವಿದ್ಯುನ್ಮಾನದ ಮೂಲಕ ಗ್ರಂಥವನ್ನು ಕ್ಷಣದಲ್ಲಿ ಕಳುಹಿಸಬಹುದಾದ ಈ ಕಾಲದಲ್ಲಿ ಅಂಚೆಯೇಕೆ ಎಂದು ಕೇಳಬಹುದು. ಕನ್ನಡದ ಹಳೆಯ ವೈಜ್ಞಾನಿಕ ಕಾದಂಬರಿಗಳಲ್ಲಿ ಎಷ್ಟೋ ಇಂದು ಅಂಗಡಿಯಲ್ಲಿ ದೊರೆಯುವುದಿಲ್ಲ. ಉಳಿದಿರುವುದು ಯಾರದೋ ಮನೆಯ ಕಪಾಟಿನ ಒಂದು ಪ್ರತಿ. ಅದು ಓದುಗರ ಕೈಸೇರಬೇಕಾದರೆ ಪ್ರತಿಯೇ ಪಯಣಿಸಬೇಕು. ಇದಕ್ಕಿಂತ ಮುಖ್ಯವಾದುದು ಅವಧಿಯ ನಿಯಮ. ಮುಂದಿನವನೊಬ್ಬ ಕಾದಿದ್ದಾನೆಂಬ ಅರಿವು 21 ದಿನಗಳೊಳಗೆ ಓದಿಸುತ್ತದೆ, ಓದಿದುದನ್ನು ಕುರಿತು ಬರೆಸುತ್ತದೆ.

ಕರಾವಳಿಯ ಕಾಲೇಜುಗಳ ಕನ್ನಡ ಮತ್ತು ವಿಜ್ಞಾನ ವಿಭಾಗಗಳು ಸೇರಿ ಇಂಥ ಒಂದು ಕೂಟವನ್ನು ಆರಂಭಿಸಬಹುದು. ಹತ್ತು ವಿಳಾಸಗಳು, ಎರಡು ಪ್ರತಿಗಳು, ಲೆಕ್ಕವಿಡುವ ಒಬ್ಬ ವಿದ್ಯಾರ್ಥಿ: ಆರಂಭಕ್ಕೆ ಇಷ್ಟು ಸಾಕು. ವರ್ಷಾಂತ್ಯದಲ್ಲಿ ಸಂಗ್ರಹವಾದ ಪತ್ರಗಳನ್ನು ಲೇಖಕನಿಗೂ ಒಂದು ಪ್ರತಿ ಕಳುಹಿಸತಕ್ಕದ್ದು. ತನ್ನನ್ನು ಓದಿದವರು ಯಾರು, ಎಲ್ಲಿಯವರು, ಎಲ್ಲಿ ಒಪ್ಪಿದರು, ಎಲ್ಲಿ ಒಪ್ಪಲಿಲ್ಲ ಎಂಬುದನ್ನು ತಿಳಿದ ಲೇಖಕನ ಮುಂದಿನ ಕೃತಿಯಲ್ಲಿ ಅದರ ಫಲವನ್ನು ನಿರೀಕ್ಷಿಸಬಹುದು.