ಗಣಕಯಂತ್ರವೂ ವಿದ್ಯಾಲಯದ ಬಾಗಿಲೂ: ಜಾನ್ ಕೆಮೆನಿಯವರ ಜೀವನಕಾರ್ಯ

ವಿದ್ಯಾಸಂಸ್ಥೆಗಳ ಇತಿಹಾಸವನ್ನು ಬರೆಯುವಾಗ ನಾವು ವಿದ್ವಾಂಸನ ಸಂಶೋಧನೆಯನ್ನು ಒಂದು ಅಧ್ಯಾಯದಲ್ಲಿಯೂ ಆಡಳಿತಗಾರನ ಕಾರ್ಯಗಳನ್ನು ಇನ್ನೊಂದು ಅಧ್ಯಾಯದಲ್ಲಿಯೂ ಇರಿಸುವುದು ರೂಢಿ. ಒಬ್ಬನೇ ವ್ಯಕ್ತಿ ಈ ಎರಡು ಕಾರ್ಯಗಳನ್ನೂ ನಡೆಸಿದ್ದಲ್ಲಿ, ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋದನೆಂದು ಬರೆದು ಮುಗಿಸುತ್ತೇವೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು, ಅನಂತರ ಅದರ ಅಧ್ಯಕ್ಷರಾದ ಜಾನ್ ಜಾರ್ಜ್ ಕೆಮೆನಿಯವರ ವಿಷಯದಲ್ಲಿ ಈ ವಿಂಗಡಣೆ ಸಲ್ಲದೆಂದು ನಮ್ಮ ಅಭಿಪ್ರಾಯ. ಕೆಲವರಿಗೆ ಮಾತ್ರ ಮೀಸಲಾದ ಸಾಧನವನ್ನು ಬಹುಜನರ ಬಳಕೆಗೆ ತರುವುದು ಹೇಗೆ ಎಂಬ ಒಂದೇ ಪ್ರಶ್ನೆ ಅವರ ಗಣಿತಕಾರ್ಯದಲ್ಲಿಯೂ ಆಡಳಿತದಲ್ಲಿಯೂ ಕಾಣಬರುತ್ತದೆ.

ಕೆಮೆನಿಯವರು 1926ರ ಮೇ 31ರಂದು ಹಂಗೇರಿಯ ಬುಡಾಪೆಸ್ಟ್ ನಗರದ ಯಹೂದ್ಯ ಕುಟುಂಬವೊಂದರಲ್ಲಿ ಜನಿಸಿದರು. 1938ರಲ್ಲಿ ಜರ್ಮನಿಯು ಆಸ್ಟ್ರಿಯವನ್ನು ಕಬಳಿಸಿದಾಗ, ಮುಂದೊದಗಲಿದ್ದ ವಿಪತ್ತನ್ನು ಊಹಿಸಿದ ಅವರ ತಂದೆ ಅಮೆರಿಕಕ್ಕೆ ತೆರಳಿ, 1940ರಲ್ಲಿ ಸಂಸಾರವನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ದೇಶವನ್ನು ಬಿಡಲೊಪ್ಪದ ಅಜ್ಜ ಯಹೂದ್ಯರ ಸಂಹಾರದಲ್ಲಿ ಪ್ರಾಣವನ್ನು ಕಳೆದುಕೊಂಡರು. ಹೊಸ ಭಾಷೆಯಲ್ಲಿ ಓದಬೇಕಾಗಿ ಬಂದ ಈ ಹುಡುಗನು ಮೂರು ವರ್ಷಗಳಲ್ಲಿ ಪ್ರೌಢಶಾಲೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವನ್ನು ಸೇರಿದನು.

ಯುದ್ಧವು 1945ರಲ್ಲಿ ಅವರನ್ನು ವಿದ್ಯಾಭ್ಯಾಸದ ನಡುವೆಯೇ ಲಾಸ್ ಅಲಮೋಸಿನ ಅಣ್ವಸ್ತ್ರ ಕೇಂದ್ರಕ್ಕೆ ಕರೆದೊಯ್ದಿತು. ಅಲ್ಲಿ ಅವರಿಗೆ ದೊರೆತುದು ಲೆಕ್ಕಾಚಾರದ ಕೆಲಸ. ವ್ಯಾಪಾರದ ಲೆಕ್ಕಪತ್ರಗಳಿಗಾಗಿ ನಿರ್ಮಿಸಿದ್ದ, ರಂಧ್ರಪತ್ರಗಳಿಂದ ನಡೆಯುವ ಯಂತ್ರಗಳಲ್ಲಿ ಅವಕಲ ಸಮೀಕರಣಗಳನ್ನು ಬಿಡಿಸಬೇಕಾಗಿದ್ದಿತು. ಹಗಲಿರುಳು ಸರದಿಯಲ್ಲಿ ದುಡಿದರೂ ಒಂದು ಸಮೀಕರಣಕ್ಕೆ ವಾರಗಳೇ ಹಿಡಿಯುತ್ತಿದ್ದುವು. ಈ ಅನುಭವವನ್ನು ಅವರು ಮರೆಯಲಿಲ್ಲ. ಯುದ್ಧಾನಂತರ ಪ್ರಿನ್ಸ್‌ಟನ್ನಿಗೆ ಹಿಂದಿರುಗಿ, ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅದೇ ಅವಧಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನರಿಗೆ ಗಣಿತ ಸಹಾಯಕರಾಗಿಯೂ ಇದ್ದರು.

1953ರಲ್ಲಿ ಅವರು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿರುವ ಡಾರ್ಟ್‌ಮತ್ ಕಾಲೇಜಿಗೆ ಬಂದರು. 1955ರಿಂದ 1967ರವರೆಗೆ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದರು. ಸಹೋದ್ಯೋಗಿಗಳೊಡನೆ ಅವರು ರಚಿಸಿದ ಪರಿಮಿತ ಗಣಿತದ ಪಠ್ಯಗ್ರಂಥವು ಸಮಾಜವಿಜ್ಞಾನದ ವಿದ್ಯಾರ್ಥಿಗಳಿಗೂ ಗಣಿತವನ್ನು ತೆರೆದಿಟ್ಟಿತು. ಆದರೆ ಗಣಕಯಂತ್ರದ ವಿಷಯದಲ್ಲಿ ಕಾಲೇಜಿನ ಸ್ಥಿತಿ ದುರ್ಬಲವಾಗಿದ್ದಿತು. 1956ರಲ್ಲಿ ಅಲ್ಲಿಗೆ ಬಂದ ಥಾಮಸ್ ಕರ್ಟ್ಸ್ ಎಂಬ ಅಧ್ಯಾಪಕರು ರಂಧ್ರಪತ್ರಗಳನ್ನು ಹೊತ್ತು, ರೈಲಿನಲ್ಲಿ ಬಾಸ್ಟನ್ನಿಗೆ ಹೋಗಿ, ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಯಂತ್ರದಲ್ಲಿ ಲೆಕ್ಕಗಳನ್ನು ಮಾಡಿಸಿಕೊಂಡು ಬರಬೇಕಾಗಿದ್ದಿತು. ಒಂದು ಅಂಕಿ ತಪ್ಪಿದ್ದರೆ ಮುಂದಿನ ಪ್ರಯಾಣದವರೆಗೆ ಕಾಯುವುದೇ ಗತಿ.

ಇದಕ್ಕೆ ಕೆಮೆನಿ ಮತ್ತು ಕರ್ಟ್ಸ್ ಅವರು ಕಂಡುಕೊಂಡ ಪರಿಹಾರವು ಕಾಲವಿಭಜನೆ. ಈ ಕಲ್ಪನೆ ಅವರಿಗಿಂತ ಮೊದಲೇ ಇದ್ದಿತು. ಅದನ್ನು ಇಡೀ ಕಾಲೇಜಿಗೆ ಅನ್ವಯಿಸಿದುದು ಅವರ ವಿಶೇಷ. ನಮ್ಮಲ್ಲಿಯ ಅಷ್ಟಾವಧಾನದ ಸಭೆಯನ್ನು ನೆನೆದರೆ ಈ ಕ್ರಮವು ಸುಲಭವಾಗಿ ಗ್ರಾಹ್ಯವಾಗುತ್ತದೆ. ಅವಧಾನಿಯು ಒಬ್ಬ ಪೃಚ್ಛಕನಿಗೆ ಪದ್ಯದ ಒಂದು ಪಾದವನ್ನು ಹೇಳಿ, ಅದನ್ನು ಧಾರಣೆಯಲ್ಲಿಟ್ಟುಕೊಂಡು, ಮುಂದಿನವನ ಕಡೆಗೆ ತಿರುಗುತ್ತಾನೆ. ಸುತ್ತು ಮುಗಿದ ಮೇಲೆ ಮತ್ತೆ ಮೊದಲನೆಯವನ ಬಳಿಗೆ ಬಂದು ಪದ್ಯವನ್ನು ಮುಂದುವರಿಸುತ್ತಾನೆ. ಹಾಗೆಯೇ ಯಂತ್ರವು ಒಬ್ಬ ವಿದ್ಯಾರ್ಥಿಯ ಲೆಕ್ಕವನ್ನು ಸ್ವಲ್ಪ ನಡೆಸಿ, ಅದನ್ನು ಸ್ಮೃತಿಕೋಶದಲ್ಲಿರಿಸಿ, ಮತ್ತೊಬ್ಬನ ಲೆಕ್ಕವನ್ನು ಎತ್ತಿಕೊಳ್ಳುತ್ತದೆ. ಬೆರಳಚ್ಚು ಮಾಡುವ ಮನುಷ್ಯನ ಕೈಗಿಂತ ಯಂತ್ರದ ವೇಗವು ಅತ್ಯಧಿಕವಾದುದರಿಂದ, ಪ್ರತಿಯೊಬ್ಬನಿಗೂ ಯಂತ್ರವು ತನ್ನೊಬ್ಬನದೇ ಎಂಬ ಭಾವನೆಯುಂಟಾಗುತ್ತದೆ. 1964ರ ಮೇ 1ರ ಬೆಳಗಿನ ಜಾವದಲ್ಲಿ, ವಿದ್ಯಾರ್ಥಿಗಳೇ ಬಹುಮಟ್ಟಿಗೆ ಸಿದ್ಧಪಡಿಸಿದ ಈ ವ್ಯವಸ್ಥೆಯು ಡಾರ್ಟ್‌ಮತ್ತಿನಲ್ಲಿ ಕೆಲಸಮಾಡತೊಡಗಿತು.

ಅದರೊಡನೆಯೇ ಹುಟ್ಟಿದುದು ಬೇಸಿಕ್ ಎಂಬ ಯಂತ್ರಭಾಷೆ. ಅಂದಿನ ಇತರ ಯಂತ್ರಭಾಷೆಗಳನ್ನು ಕಲಿಯಲು ವಿಶೇಷ ಶಿಕ್ಷಣವು ಬೇಕಾಗಿದ್ದಿತು. ಬೇಸಿಕ್ಕಿನಲ್ಲಿಯಾದರೋ ಲೆಟ್, ಪ್ರಿಂಟ್, ಇಫ್ ಮೊದಲಾದ ಸಾಮಾನ್ಯ ಇಂಗ್ಲಿಷ್ ಮಾತುಗಳೇ ಆಜ್ಞೆಗಳು. ಕೆಲವೇ ಪಾಠಗಳಲ್ಲಿ ವಿದ್ಯಾರ್ಥಿಯು ಸ್ವತಂತ್ರವಾಗಿ ಲೆಕ್ಕವನ್ನು ಬರೆಯಬಹುದಾಗಿದ್ದಿತು. ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ವಿಜ್ಞಾನದವರಲ್ಲ, ಮುಂದೆ ನಾಡಿನ ಆಡಳಿತವನ್ನೂ ಉದ್ಯಮಗಳನ್ನೂ ನಡೆಸುವವರಲ್ಲಿ ಅನೇಕರು ಅವರೇ, ಆದುದರಿಂದ ಅವರಿಗೂ ಯಂತ್ರದ ಪರಿಚಯವಿರಲೇಬೇಕು ಎಂಬುದು ಕೆಮೆನಿಯವರ ವಾದ. ಗ್ರಂಥಾಲಯದ ತೆರೆದ ಕಪಾಟುಗಳಿಂದ ವಿದ್ಯಾರ್ಥಿಯು ಯಾರ ಅನುಮತಿಯನ್ನೂ ಬೇಡದೆ ಪುಸ್ತಕವನ್ನು ತೆಗೆದುಕೊಳ್ಳುವಂತೆ ಗಣಕಯಂತ್ರವೂ ದೊರೆಯಬೇಕೆಂದು ಅವರು ಪ್ರತಿಪಾದಿಸಿದರು. ಬಳಕೆಗೆ ವಿದ್ಯಾರ್ಥಿಗಳಿಂದ ಹಣವನ್ನು ಪಡೆಯಲಿಲ್ಲ.

1970ರಲ್ಲಿ ಕೆಮೆನಿಯವರು ಕಾಲೇಜಿನ ಹದಿಮೂರನೆಯ ಅಧ್ಯಕ್ಷರಾದರು. 1769ರಲ್ಲಿ ಸ್ಥಾಪಿತವಾದ ಡಾರ್ಟ್‌ಮತ್ ಅಂದಿನವರೆಗೂ ಪುರುಷರ ಕಾಲೇಜು. ಸ್ತ್ರೀಯರನ್ನು ಸೇರಿಸಿಕೊಳ್ಳಬೇಕೆಂದಾಗ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ವಿರೋಧಿಸಿದರು. ಪುರುಷರ ಸಂಖ್ಯೆಯನ್ನು ಇಳಿಸಬಾರದೆಂಬ ಒತ್ತಾಯವೂ ಇದ್ದಿತು. ಹೊಸ ವಸತಿಗೃಹಗಳನ್ನು ಹೇರಳವಾಗಿ ಕಟ್ಟುವಷ್ಟು ಧನವೂ ಇರಲಿಲ್ಲ. ಇದಕ್ಕೆ ದೊರೆತ ಉತ್ತರವು ಗಣಿತಜ್ಞನಿಗೆ ತಕ್ಕುದಾಗಿದ್ದಿತು. ಬೇಸಗೆಯಲ್ಲಿ ಬರಿದಾಗಿ ನಿಲ್ಲುತ್ತಿದ್ದ ಕಟ್ಟಡಗಳಲ್ಲಿ ವರ್ಷವಿಡೀ ಪಾಠಗಳು ನಡೆಯತಕ್ಕುದು. ವಿದ್ಯಾರ್ಥಿಗಳು ಒಂದು ಬೇಸಗೆಯಲ್ಲಿ ಕಾಲೇಜಿನಲ್ಲಿದ್ದು ಬೇರೆ ಅವಧಿಯಲ್ಲಿ ಹೊರಗಿರತಕ್ಕುದು. ಹೀಗೆ ಅದೇ ಕೊಠಡಿಗಳಲ್ಲಿ ಹೆಚ್ಚು ಮಂದಿಗೆ ಸ್ಥಳವಾಯಿತು. 1972ರಲ್ಲಿ ಸ್ತ್ರೀಯರ ಪ್ರವೇಶವೂ ಈ ಕ್ರಮವೂ ಜೊತೆಯಾಗಿಯೇ ಆರಂಭವಾದುವು. ಯಂತ್ರಕ್ಕೆ ಅನ್ವಯಿಸಿದ ಕಾಲವಿಭಜನೆಯನ್ನು ಇಲ್ಲಿ ಕಟ್ಟಡಗಳಿಗೆ ಅನ್ವಯಿಸಿದಂತಾಯಿತು.

ಇದರಿಂದ ಸಮಾನತೆಯು ಒಮ್ಮೆಗೇ ಸಿದ್ಧಿಸಿತೆಂದು ಹೇಳಲಾಗದು. ಆರಂಭದ ವರ್ಷಗಳಲ್ಲಿ ಸ್ತ್ರೀಯರ ಸಂಖ್ಯೆಗೆ ಮಿತಿಯಿದ್ದಿತು. ಇನ್ನೊಂದು ಋಣವು ಇದಕ್ಕಿಂತಲೂ ಹಳೆಯದು. ಅಮೆರಿಕದ ಮೂಲನಿವಾಸಿಗಳ ಶಿಕ್ಷಣವನ್ನು ತನ್ನ ಸ್ಥಾಪನಾಪತ್ರದಲ್ಲಿಯೇ ಉದ್ದೇಶವಾಗಿ ಸಾರಿದ ಈ ಕಾಲೇಜಿನಿಂದ ಇನ್ನೂರು ವರ್ಷಗಳಲ್ಲಿ ಪದವಿ ಪಡೆದ ಮೂಲನಿವಾಸಿಗಳು ಇಪ್ಪತ್ತಕ್ಕೂ ಕಡಿಮೆ. ಆ ವಚನವನ್ನು ನಡೆಸಿಕೊಡುವುದಾಗಿ ಕೆಮೆನಿಯವರು ಅಧಿಕಾರವಹಿಸಿಕೊಂಡಾಗಲೇ ಘೋಷಿಸಿದರು. 1972ರಲ್ಲಿ ಮೂಲನಿವಾಸಿಗಳ ಅಧ್ಯಯನಕ್ಕೆ ಪ್ರತ್ಯೇಕ ವ್ಯವಸ್ಥೆಯಾಯಿತು.

ಯಂತ್ರವನ್ನು ಎಲ್ಲರ ಕೈಗೆ ಕೊಟ್ಟವರು ಯಂತ್ರದ ಮುಂದೆ ಕುಳಿತ ಮನುಷ್ಯನನ್ನು ಮರೆಯಲಿಲ್ಲ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತವಾದಾಗ, ರಾಷ್ಟ್ರಾಧ್ಯಕ್ಷ ಕಾರ್ಟರರು ನೇಮಿಸಿದ ವಿಚಾರಣಾ ಆಯೋಗಕ್ಕೆ ಅವರೇ ಅಧ್ಯಕ್ಷರಾದರು. ಅಲ್ಲಿ ಕವಾಟವೊಂದು ತೆರೆದುಕೊಂಡೇ ಉಳಿದಿದ್ದಿತು. ನಿಯಂತ್ರಣ ಕೊಠಡಿಯ ದೀಪವಾದರೋ ಕವಾಟಕ್ಕೆ ಹೋದ ಆಜ್ಞೆಯನ್ನು ಸೂಚಿಸುತ್ತಿದ್ದಿತೇ ವಿನಾ ಕವಾಟದ ನಿಜಸ್ಥಿತಿಯನ್ನಲ್ಲ. ಏಕಕಾಲದಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಮೊಳಗಿದುವು. ಮೂಲದೋಷವು ಉಪಕರಣಗಳಿಗಿಂತ ಹೆಚ್ಚಾಗಿ ಮನುಷ್ಯರ ಶಿಕ್ಷಣ, ಸಂಘಟನೆ ಮತ್ತು ಮನೋಭಾವಗಳಲ್ಲಿದೆಯೆಂದು ಆಯೋಗವು ಅದೇ ವರ್ಷದ ಅಕ್ಟೋಬರಿನಲ್ಲಿ ನಿರ್ಣಯಿಸಿತು.

ಅಧ್ಯಕ್ಷಪದವಿಯಲ್ಲಿದ್ದಾಗಲೂ ಕೆಮೆನಿಯವರು ಪಾಠ ಹೇಳುವುದನ್ನು ಬಿಡಲಿಲ್ಲ. 1981ರಲ್ಲಿ ಆ ಪದವಿಯಿಂದ ಇಳಿದು ಮತ್ತೆ ಅಧ್ಯಾಪಕರಾದರು. 1992ರ ಡಿಸೆಂಬರ್ 26ರಂದು ನಿಧನರಾದರು.

ನಾವು ವಿದ್ಯಾರ್ಥಿಗಳಾಗಿದ್ದ ಕಾಲೇಜೊಂದರಲ್ಲಿ ಗಣಕಯಂತ್ರಗಳ ಕೊಠಡಿಗೆ ಸದಾ ಬೀಗ. ವಾರಕ್ಕೊಂದು ಗಂಟೆ ವಿಜ್ಞಾನದವರಿಗೆ ಅದು ತೆರೆಯುತ್ತಿದ್ದಿತು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಕಿಟಕಿಯಿಂದ ಒಳಗೆ ನೋಡಿ ಹಿಂದಿರುಗುತ್ತಿದ್ದೆವು. ಹೊದಿಕೆಯ ಕೆಳಗಿದ್ದ ಆ ಯಂತ್ರಗಳು ಸಂಸ್ಥೆಯ ವರದಿಯಲ್ಲಿ ಸಂಪತ್ತಾಗಿಯೇ ಎಣಿಕೆಯಾಗಿದ್ದಿರಬೇಕು. ಆದುದರಿಂದ ವಿದ್ಯಾಸಂಸ್ಥೆಯ ಚರಿತ್ರೆಯನ್ನು ಬರೆಯುವವನು ಏನನ್ನು ಕೊಂಡರು, ಎಷ್ಟು ಕಟ್ಟಿದರು ಎಂಬುದನ್ನು ಕೇಳಿ ಸುಮ್ಮನಾಗಬಾರದು. ಬೀಗದ ಕೈ ಯಾರ ಬಳಿ ಇದ್ದಿತು, ಬಾಗಿಲು ಯಾರಿಗೆ ಎಷ್ಟು ಹೊತ್ತು ತೆರೆದಿದ್ದಿತು ಎಂಬುದನ್ನೂ ವಿಚಾರಿಸಬೇಕು. ಪ್ರವೇಶದ ದಾಖಲೆಗಳು, ಗ್ರಂಥಾಲಯದ ಎರವಲು ಪುಸ್ತಕಗಳು, ಪ್ರಯೋಗಶಾಲೆಯ ವೇಳಾಪಟ್ಟಿಗಳು ಇದಕ್ಕೆ ಆಕರಗಳು. ಅವು ನಮ್ಮ ಕಾಲೇಜುಗಳ ಕಪಾಟುಗಳಲ್ಲಿ ಧೂಳು ಹಿಡಿದು ನಾಶವಾಗುವುದಕ್ಕೆ ಮೊದಲು ವಿದ್ಯಾರ್ಥಿಗಳು ಅವುಗಳನ್ನು ತೆರೆದು ನೋಡುವುದು ಒಳ್ಳೆಯದು.