ದೋಣಿಯನ್ನೆಳೆಯುವ ಬಂಡಿ

ನೆಲದಲ್ಲಿ ದೋಣಿಯು ಬಂಡಿಯನ್ನೇರುವುದು, ನೀರಿನಲ್ಲಿ ಬಂಡಿಯು ದೋಣಿಯನ್ನೇರುವುದು ಎಂಬ ಮಾತನ್ನು ಹಿರಿಯರು ಕಾಲದ ಏರಿಳಿತಗಳಿಗೆ ದೃಷ್ಟಾಂತವಾಗಿ ಹೇಳುತ್ತ ಬಂದಿರುವರು. ಆ ಮಾತಿನ ಮೊದಲರ್ಧವು ಯಥಾರ್ಥವಾಗಿಯೇ ನಮ್ಮ ಮುಂದೆ ತೀರ್ಮಾನಕ್ಕೆ ಬರುವುದೆಂದು ನಾವೆಂದೂ ಎಣಿಸಿದವರಲ್ಲ. ಬಂದುದಾದರೂ ಸಮುದ್ರತೀರದಲ್ಲಲ್ಲ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಪೀಣ್ಯದಲ್ಲಿ. ವಾಹನವನ್ನು ಕೊಳ್ಳುವ ವಿಚಾರವು ಈಗ ಒಂದಲ್ಲ ಒಂದು ದಿನ ಪ್ರತಿಯೊಂದು ಸಂಸಾರಕ್ಕೂ ಬರತಕ್ಕದ್ದಾದುದರಿಂದ, ಆ ಪ್ರಸಂಗದಲ್ಲಿ ನಾವು ಕಲಿತುದನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ತಂಗಿಯ ಮಗನು ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆಯ ಕಟ್ಟಡವೊಂದರಲ್ಲಿ ಕಬ್ಬಿಣವನ್ನು ಕತ್ತರಿಸಿ ಬೆಸೆಯುವ ಸಣ್ಣ ಕಾರ್ಖಾನೆಯನ್ನು ನಡೆಯಿಸುತ್ತಿರುವನು. ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಲೆಕ್ಕಪತ್ರಗಳನ್ನು ನೋಡಿಕೊಡುವುದು ನಮ್ಮ ವಾಡಿಕೆ. ಹೀಗಿರುತ್ತ ಒಂದು ದಿನ ವೈಟ್‌ಫೀಲ್ಡಿನಿಂದ ಗೃಹಸ್ಥರೊಬ್ಬರು ಬಂದರು. ಗಣಕಯಂತ್ರದ ಉದ್ಯೋಗದಲ್ಲಿರುವವರು, ಮೂಲತಃ ಉಡುಪಿಯ ಕಡೆಯವರು. ಸ್ವರ್ಣಾ ನದಿಯ ದಡದಲ್ಲಿ ಹಿರಿಯರ ಮನೆಯಿದೆ. ಈಗ ಅಲ್ಲಿ ಯಾರೂ ವಾಸವಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗವು ಮಳೆಯಿಂದ ಮುಳುಗಿ, ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರತಂದುದು ವಾಚಕರ ನೆನಪಿನಲ್ಲಿರಬಹುದು. ಅಂದು ಇವರ ವೃದ್ಧಮಾತೆಯೂ ಒಂದು ರಬ್ಬರಿನ ದೋಣಿಯಲ್ಲಿ ಪಾರಾದರಂತೆ. ಬಾಲ್ಯದಲ್ಲಿ ನದಿಯಲ್ಲಿ ಕಳೆದ ದಿನಗಳು ಆಗ ನೆನಪಿಗೆ ಬಂದು, ಹಳೆಯದೊಂದು ನಾರುಗಾಜಿನ ದೋಣಿಯನ್ನು ಕೊಂಡುಬಿಟ್ಟರು. ರಜೆ ಬಂದಾಗಲೆಲ್ಲ ಅದನ್ನು ಊರಿಗೆ ಎಳೆದುಕೊಂಡು ಹೋಗಬೇಕೆಂಬುದು ಅವರ ಆಸೆ. ಅದಕ್ಕೊಂದು ಟ್ರೇಲರನ್ನು ಮಾಡಿಕೊಡಬೇಕು, ಎಳೆಯುವುದಕ್ಕೆ ಯಾವ ಪಿಕಪ್ಪು ತಕ್ಕುದೆಂದೂ ಹೇಳಬೇಕು, ಬಂದುದು ಇದಕ್ಕಾಗಿ.

“ಮೇಷ್ಟ್ರೇ, ದೋಣಿಯ ತೂಕ 350 ಕಿಲೋ, ಅಷ್ಟೆ. ಈ ಬೀದಿಯಲ್ಲಿ ಪಿಕಪ್ಪುಗಳು ಒಂದೂವರೆ ಟನ್ನು ಕಬ್ಬಿಣವನ್ನೇ ಹೊತ್ತು ಓಡುತ್ತಿವೆಯಲ್ಲ! ಅಗ್ಗದ್ದು ಯಾವುದಾದರೂ ಸಾಲದೆ? ಟ್ರೇಲರಿಗೆ ಬ್ರೇಕು ಗೀಕು ಬೇಡ, ಸುಮ್ಮನೆ ಖರ್ಚು” ಎಂದರು.

ಆ ಕೆಲಸದ ಹಣವು ಕಾರ್ಖಾನೆಯ ಎರಡು ತಿಂಗಳ ಬಾಡಿಗೆಗೆ ಸರಿಹೋಗುವಂತಿತ್ತು. ಸೋದರಳಿಯನು ನಮ್ಮ ಮುಖವನ್ನು ನೋಡಿದನು. ನಾವು ಕಾಗದವನ್ನೂ ಪೆನ್ಸಿಲನ್ನೂ ಕೈಗೆ ತೆಗೆದುಕೊಂಡೆವು.

ಮೊದಲನೆಯದು ತೂಕದ ಲೆಕ್ಕ. ಎಳೆಯಬೇಕಾದುದು ಬರಿಯ ದೋಣಿಯನ್ನಲ್ಲ. ದೋಣಿ 350 ಕಿಲೋ. ಅದರ ಹಿಂದಿನ ಎಂಜಿನು 100. 50 ಲೀಟರು ಪೆಟ್ರೋಲು 37. ಬ್ಯಾಟರಿ, ಲಂಗರು, ಹಗ್ಗ, ಜೀವರಕ್ಷಕ ಅಂಗಿಗಳೆಲ್ಲ ಸೇರಿ 63. ಕಬ್ಬಿಣದ ಟ್ರೇಲರು 300. ಕೂಡಿದರೆ 850 ಕಿಲೋ ಆಯಿತು. ದೋಣಿಯಲ್ಲಿ ಮಳೆನೀರು ನಿಂತಿದ್ದರೆ ಲೀಟರಿಗೆ ಒಂದು ಕಿಲೋ ಹೆಚ್ಚು. ಮದುವೆಯ ಖರ್ಚನ್ನು ಚಿನ್ನದ ಬೆಲೆಯೊಂದರಿಂದಲೇ ಅಂದಾಜು ಮಾಡುವವನಿಗೂ, ದೋಣಿಯ ತೂಕದಿಂದ ಬಂಡಿಯನ್ನು ಆರಿಸುವವನಿಗೂ ಭೇದವಿಲ್ಲ.

ಎರಡನೆಯದು, ಹೊರುವುದು ಬೇರೆ, ಎಳೆಯುವುದು ಬೇರೆ. ಸಂಸ್ಕೃತದಲ್ಲಿ ‘ವಾಹನ’ವೆಂಬುದು ಹೊರುವುದೆಂಬ ಅರ್ಥದ ವಹ್ ಧಾತುವಿನಿಂದ ಬಂದುದು, ‘ಕರ್ಷಣ’ವು ಎಳೆಯುವುದೆಂಬ ಅರ್ಥದ ಕೃಷ್ ಧಾತುವಿನಿಂದ ಬಂದುದು. ಧಾತುಗಳು ಹೇಗೆ ಎರಡೋ ಕಾರ್ಯಗಳೂ ಹಾಗೆಯೇ ಎರಡು. ಬೆನ್ನ ಮೇಲಿನ ಹೊರೆಯು ಬಂಡಿಯ ಚಕ್ರಗಳನ್ನು ನೆಲಕ್ಕೊತ್ತುವುದು. ಬಂಡಿಯ ಬ್ರೇಕುಗಳನ್ನು ಆ ಹೊರೆಗೆಂದೇ ಮಾಡಿರುವರು. ಹಿಂದೆ ಕಟ್ಟಿದ ಹೊರೆಯಾದರೋ ತನ್ನದೇ ಚಕ್ರಗಳ ಮೇಲೆ ಸ್ವತಂತ್ರವಾಗಿ ಉರುಳುತ್ತ, ಮುಂದಿನ ಬಂಡಿಯು ನಿಂತಾಗ ತಾನು ನಿಲ್ಲದೆ ಅದನ್ನು ದೂಡುವುದು, ತಿರುವಿನಲ್ಲಿ ಪಕ್ಕಕ್ಕೆ ತಳ್ಳುವುದು. ಒಂದೂವರೆ ಟನ್ನು ಹೊರುವ ಪಿಕಪ್ಪು ಒಂದೂವರೆ ಟನ್ನನ್ನು ಎಳೆಯಬಲ್ಲುದೆಂದು ಊಹಿಸುವುದು ಆದಕಾರಣ ತಪ್ಪು.

ಮೂರನೆಯದನ್ನು ನಮ್ಮ ಎತ್ತಿನ ಗಾಡಿಯವರೇ ಕಲಿಸಿರುವರು. ಗಾಡಿಗೆ ಹುಲ್ಲು ಹೇರುವಾಗ ಮುಂಭಾರ ಹಿಂಭಾರಗಳನ್ನು ನೋಡುವುದುಂಟಷ್ಟೆ. ಮುಂಭಾರವು ಅತಿಯಾದರೆ ಎತ್ತಿನ ಹೆಗಲು ಹುಣ್ಣಾಗುವುದು. ಹಿಂಭಾರವಾದರೆ ನೊಗವು ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುವುದು. ಟ್ರೇಲರಿನ ಗತಿಯೂ ಇದೇ. ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಭಾಗವು ಅದರ ಮೂಕಿಯ ಮೂಲಕ ಬಂಡಿಯ ಕೊಂಡಿಯ ಮೇಲೆ ಕೂರಬೇಕು. 850 ಕಿಲೋವಿಗೆ 85. ಇದಕ್ಕಿಂತ ಬಹಳ ಕಡಮೆಯಾದರೆ ವೇಗದಲ್ಲಿ ಟ್ರೇಲರು ಹಾವಿನಂತೆ ಆಚೀಚೆ ಹೊಯ್ದಾಡುವುದು. ಬಹಳ ಹೆಚ್ಚಾದರೆ ಬಂಡಿಯ ಹಿಂಭಾಗವು ಕುಸಿದು, ತಿರುಗಿಸುವ ಮುಂದಿನ ಚಕ್ರಗಳು ಹಗುರವಾಗುವುವು. ದೋಣಿಯ ಎಂಜಿನು ಹಿಂತುದಿಯಲ್ಲಿರುವುದರಿಂದ, ದೋಣಿಯನ್ನು ಟ್ರೇಲರಿನ ಮೇಲೆ ಎಲ್ಲಿ ಕೂರಿಸುವೆವೆಂಬುದನ್ನು ತೂಗಿ ನೋಡಿಯೇ ನಿಶ್ಚಯಿಸಬೇಕು. ಕೊಂಡಿಯ ಮೇಲಿನ ಆ 85 ಕಿಲೋವನ್ನು ಬಂಡಿಯು ಹೊರುವ ಹೊರೆಯ ಲೆಕ್ಕಕ್ಕೂ ಸೇರಿಸತಕ್ಕದ್ದು.

ನಾಲ್ಕನೆಯದೇ ಮುಖ್ಯವಾದುದು. ವೈಟ್‌ಫೀಲ್ಡಿನಿಂದ ಉಡುಪಿಗೆ ಹೋಗಬೇಕಾದರೆ ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯಬೇಕು. ಬೇರೆ ದಾರಿ ಹಿಡಿದರೂ ಘಟ್ಟವು ತಪ್ಪದು. ಪಿಕಪ್ಪು, ಜನ, ಸಾಮಾನು, ಟ್ರೇಲರು ಎಲ್ಲವೂ ಸೇರಿ 3300 ಕಿಲೋ ಆಯಿತೆಂದೂ, ಇಳಿಯುವ ಎತ್ತರವು 800 ಮೀಟರೆಂದೂ ಇಟ್ಟುಕೊಳ್ಳೋಣ. ಆ ತೂಕವು ಅಷ್ಟೆತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯು 80 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಲುವುದು. ಸ್ನಾನದ ಮನೆಯ ದೊಡ್ಡ ಹಂಡೆಯೊಂದನ್ನು ಕಾಯಿಸುವ ಶಾಖ! ಗಾಳಿಯೂ ಟೈರುಗಳೂ ಅದರಲ್ಲಿ ಸ್ವಲ್ಪವನ್ನು ತಿನ್ನುವುವು. ಕೆಳಗಣ ಗೇರಿನಲ್ಲಿ ಇಳಿದರೆ ಎಂಜಿನು ಬಹುಭಾಗವನ್ನು ತಾಳಿಕೊಳ್ಳುವುದು. ಉಳಿದುದೆಲ್ಲ ಬ್ರೇಕುಗಳ ಪಾಲು. ಮೇಲಣ ಗೇರಿನಲ್ಲಿ ಬಿಟ್ಟು, ಘಟ್ಟದುದ್ದಕ್ಕೂ ಬ್ರೇಕನ್ನು ಮೆಟ್ಟಿಕೊಂಡೇ ಇಳಿಯುವವನ ಬ್ರೇಕುಗಳು ಕಾದು ಹಿಡಿತವನ್ನು ಕಳೆದುಕೊಳ್ಳುವುವು. ಬ್ರೇಕಿನ ಎಣ್ಣೆಯು ಹಳೆಯದಾಗಿ ನೀರು ಸೇರಿದ್ದರೆ ಅದೂ ಕುದಿದು, ಕಾಲು ಮೆಟ್ಟಿದರೆ ಬರಿಯ ಟೊಳ್ಳು. ಹಿಂದಿನ 850 ಕಿಲೋವಿಗೆ ತನ್ನದೇ ಬ್ರೇಕಿಲ್ಲದಿದ್ದರೆ ಅದರ ಪಾಲಿನ ಶಾಖವನ್ನೂ ಮುಂದಿನ ಬಂಡಿಯೇ ನುಂಗಬೇಕು. ಆಸ್ಟ್ರೇಲಿಯದಲ್ಲಿಯೂ ಯೂರೋಪಿನ ದೇಶಗಳಲ್ಲಿಯೂ 750 ಕಿಲೋ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕು ಇರಲೇಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ. ಮುಂದಿನ ಬಂಡಿಯು ನಿಧಾನಿಸಿದಾಗ ಟ್ರೇಲರು ಮುನ್ನುಗ್ಗುವುದಷ್ಟೆ; ಆ ನೂಕುವಿಕೆಯಿಂದಲೇ ಅದರ ಬ್ರೇಕು ತಾನಾಗಿ ಹಿಡಿಯುವಂತೆ ಮಾಡುವ ಸರಳವಾದ ಏರ್ಪಾಡೊಂದುಂಟು.

ಎಂಜಿನಿನ ಬಲವನ್ನು ಕೇಳಿ ಬಂಡಿಯನ್ನು ಕೊಳ್ಳುವವರೇ ಬಹುಮಂದಿ. ಬಲವು ಸಾಲದೆ ಹೋದರೆ ಘಟ್ಟ ಹತ್ತುವಾಗ ಬಂಡಿಯು ನಿಧಾನವಾಗುವುದು, ಹೆಚ್ಚೆಂದರೆ ನಿಂತುಬಿಡುವುದು. ಇಳಿಯುವಾಗ ತಡೆಯು ಸಾಲದೆ ಹೋದರೆ ನಿಲ್ಲುವುದೇ ಇಲ್ಲ. ಆದುದರಿಂದ ಬಂಡಿಯನ್ನು ಎಳೆಯುವ ಶಕ್ತಿಯಿಂದಲ್ಲ, ನಿಲ್ಲಿಸುವ ಶಕ್ತಿಯಿಂದ ಆರಿಸಬೇಕು.

ಇಷ್ಟನ್ನು ಕೇಳಿಯೂ ಆ ಮಹನೀಯರು, “ನಮ್ಮ ಸ್ನೇಹಿತರೊಬ್ಬರು ಬ್ರೇಕಿಲ್ಲದೆಯೇ ಎರಡು ವರ್ಷದಿಂದ ಎಳೆಯುತ್ತಿದ್ದಾರೆ” ಎಂದರು. ನಾವು ಅವರನ್ನು ಬಾಗಿಲಿಗೆ ಕರೆದು ತುಮಕೂರು ರಸ್ತೆಯ ಮೇಲ್ಸೇತುವೆಯನ್ನು ತೋರಿಸಿದೆವು. ಅದರ ಮೇಲೆಯೂ ವರ್ಷಗಟ್ಟಲೆ ಲಾರಿಗಳು ನಿಶ್ಚಿಂತೆಯಾಗಿ ಓಡಿದ್ದುವು. ಒಳಗಿನ ಉಕ್ಕಿನ ಕೇಬಲುಗಳಲ್ಲಿ ದೋಷವು ಕಂಡು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಬೇಕಾಯಿತು. 2022ರ ಫೆಬ್ರವರಿಯಲ್ಲಿ ಲಘುವಾಹನಗಳಿಗೆ ಮಾತ್ರ ತೆರೆದರು. ದುರಸ್ತಿಯಾಗಿ, ಭಾರವನ್ನಿಟ್ಟು ಪರೀಕ್ಷಿಸಿದ ಮೇಲೆಯೇ 2024ರ ಜುಲೈಯಲ್ಲಿ ಭಾರೀ ವಾಹನಗಳನ್ನು ಬಿಟ್ಟರು. ನಿನ್ನೆ ಹೊತ್ತಿತೆಂಬುದು ನಾಳೆ ಹೊರುವುದೆಂಬುದಕ್ಕೆ ಪ್ರಮಾಣವಾಗದು.

ಇನ್ನು ಯಾವ ಬಂಡಿ ಎಂಬ ಪ್ರಶ್ನೆ. ಜನರು ‘ಛೋಟಾ ಹಾಥಿ’ ಎಂದು ಕರೆಯುವ ಟಾಟಾ ಏಸ್ 2005ರಲ್ಲಿ ಬಂದಾಗ ಎರಡು ಸಿಲಿಂಡರುಗಳ ಎಂಜಿನಿನಿಂದ 750 ಕಿಲೋ ಹೊರುವಂತೆ ಮಾಡಿದುದು. ಓಣಿ ಓಣಿಗೆ ಸಾಮಾನು ಮುಟ್ಟಿಸುವುದಕ್ಕೆ ಉತ್ತಮ, ಘಟ್ಟದಲ್ಲಿ ದೋಣಿಯನ್ನೆಳೆಯುವುದಕ್ಕಲ್ಲ. ಬೊಲೆರೊ ಮೊದಲಾದ ಸರಕಿನ ಪಿಕಪ್ಪುಗಳು ಬೆನ್ನ ಮೇಲಿನ ಹೊರೆಗೆ ಹೇಳಿಸಿದಂಥವು. ಒಂದು ಟನ್ನಿಗೂ ಮೀರಿದ ಕಬ್ಬಿಣಕ್ಕೆ ನಮ್ಮ ಸೋದರಳಿಯನು ಅವನ್ನೇ ಕರೆಸುವನು. ಎಳೆಯುವುದಕ್ಕಾದರೆ ಬಂಡಿಯು ಟ್ರೇಲರಿಗಿಂತ ಚೆನ್ನಾಗಿ ಭಾರವಾಗಿರಬೇಕು, ಮುಂದಿನ ಹಿಂದಿನ ಚಕ್ರಗಳ ನಡುವಣ ಅಂತರವು ಉದ್ದವಾಗಿರಬೇಕು, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವು ಮುಟ್ಟುವಂತಿರಬೇಕು. ಈ ಕೊನೆಯದರ ಅಗತ್ಯವು ತಿಳಿಯುವುದು ನೀರಿನ ಅಂಚಿನಲ್ಲಿ: ಪಾಚಿ ಹಿಡಿದ ಇಳಿಜಾರಿನಿಂದ ದೋಣಿಯನ್ನು ಮೇಲಕ್ಕೆಳೆಯುವಾಗ ಎರಡೇ ಚಕ್ರಗಳು ಎಳೆಯುವ ಬಂಡಿಯು ಜಾರುತ್ತ ನಿಂತುಬಿಡುವುದು. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್, ನಮ್ಮ ಬಿಡದಿಯಲ್ಲಿ ಜೋಡಣೆಯಾಗಿ 2022ರಿಂದ ಮಾರಾಟಕ್ಕೆ ಬಂದ ಟೊಯೋಟ ಹೈಲಕ್ಸ್ ಈ ಜಾತಿಯವು. ಆಸ್ಟ್ರೇಲಿಯದಲ್ಲಿ ನಾಲ್ಕು ಚಕ್ರದ ಡೀಸೆಲ್ ಹೈಲಕ್ಸಿಗೆ ಬ್ರೇಕುಳ್ಳ ಟ್ರೇಲರನ್ನು 3500 ಕಿಲೋವರೆಗೆ ಎಳೆಯಬಹುದೆಂದು ಹೇಳಿರುವರು. ಆದರೆ ಹೊರದೇಶದ ಅಂಕೆಯನ್ನು ಇಲ್ಲಿಯ ಬಂಡಿಗೆ ಅಂಟಿಸಬಾರದು. ನಮ್ಮ ಮಾರಾಟದ ಪತ್ರಗಳಲ್ಲಿ ಎಳೆಯುವ ಭಾರವನ್ನು ಸಾಮಾನ್ಯವಾಗಿ ಅಚ್ಚು ಹಾಕಿರುವುದಿಲ್ಲ. ಎಷ್ಟು ಎಳೆಯಬಹುದು, ಕೊಂಡಿಯನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ತಯಾರಕರಿಂದ ಬರಹದಲ್ಲಿಯೇ ಪಡೆಯಬೇಕು.

ಕಾಗದಪತ್ರಗಳ ವಿಷಯದಲ್ಲಿಯೂ ಉದಾಸೀನವು ಸಲ್ಲದು. 1988ರ ಮೋಟಾರು ವಾಹನಗಳ ಕಾಯಿದೆಯ ದೃಷ್ಟಿಯಲ್ಲಿ ಟ್ರೇಲರೂ ನೋಂದಣಿಯಾಗಬೇಕಾದ ವಸ್ತುವೇ. ಕಬ್ಬಿಣವನ್ನು ಕತ್ತರಿಸುವುದಕ್ಕೆ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನಕ್ಷೆಯ ಒಪ್ಪಿಗೆಯ ಸಂಗತಿಯನ್ನು ವಿಚಾರಿಸಿಕೊಳ್ಳತಕ್ಕದ್ದು. ಮಿತಿಮೀರಿದ ಭಾರಕ್ಕೆ 2019ರ ತಿದ್ದುಪಡಿಯು 20,000 ರೂಪಾಯಿಗಳ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಗಳನ್ನೂ ವಿಧಿಸಿರುವುದು. ಟ್ರೇಲರಿನ ಸಂಗತಿಯನ್ನು ವಿಮೆಯವರಿಗೂ ಮೊದಲೇ ತಿಳಿಸಿಡುವುದು ಲೇಸು.

ಕಡೆಗೆ ನಾವು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: “ವರ್ಷಕ್ಕೆ ಎಷ್ಟು ಸಲ ಎಳೆಯುವಿರಿ?” ಮೂರು ನಾಲ್ಕು ಸಲ ಎಂದರು. ಒಂದೆರಡೇ ಸಲವಾಗಿದ್ದರೆ ದೋಣಿಯನ್ನು ಬಾಡಿಗೆಯ ಲಾರಿಯ ಮೇಲೇರಿಸಿ ಕಳುಹಿಸುವುದೇ ಲಾಭ. ಊರಿನಲ್ಲಿ ನೋಡಿಕೊಳ್ಳುವವರಿದ್ದರೆ ಅಲ್ಲಿಯೇ ಇಡುವುದು ಇನ್ನೂ ಲಾಭ. “ಅಲ್ಲಿ ಮಳೆಗಾಲದಲ್ಲಿ ನೋಡುವವರು ಯಾರೂ ಇಲ್ಲ” ಎಂದು ಅವರು ಮೆಲ್ಲನೆ ಹೇಳಿದರು.

ಸೋದರಳಿಯನು ಅದುವರೆಗೆ ಸುಮ್ಮನಿದ್ದವನು, “ಸಾರ್, ಬ್ರೇಕಿಲ್ಲದ ಟ್ರೇಲರನ್ನು ನಾನು ಮಾಡಿಕೊಡಲಾರೆ. ಬೇರೆ ಕಡೆ ಅಗ್ಗಕ್ಕೆ ಮಾಡಿಯಾರು, ಕೋಪಿಸಿಕೊಳ್ಳಬೇಡಿ” ಎಂದನು. ಅವರು ಹೊರಟುಹೋದರು. ಎರಡು ವಾರ ಸುದ್ದಿಯಿಲ್ಲ. ಆ ತಿಂಗಳು ಬಾಡಿಗೆಯನ್ನು ಹೊಂದಿಸುವಾಗ ತಂಗಿಯು ತನ್ನ ಉಳಿತಾಯದ ಹಣವನ್ನು ತೆಗೆದುಕೊಟ್ಟಳು. ಒಂದು ಮಾತನ್ನೂ ಆಡಲಿಲ್ಲ. ನಾವು ನಮ್ಮ ಪೆನ್ಸಿಲನ್ನು ಮನಸ್ಸಿನಲ್ಲಿಯೇ ಬೈದುಕೊಂಡೆವು.

ಮೂರನೆಯ ವಾರ ಆ ಮಹನೀಯರು ಮರಳಿ ಬಂದರು. ಕೈಯಲ್ಲಿ ತೂಕದ ಚೀಟಿ. ದೋಣಿಯನ್ನು ಎಲ್ಲ ಸಾಮಾನು ಸಹಿತ ಲಾರಿಯಲ್ಲಿಟ್ಟು ವೇ-ಬ್ರಿಡ್ಜಿನಲ್ಲಿ ತೂಗಿಸಿದ್ದರು. ಟ್ರೇಲರಿನ 300ನ್ನು ಸೇರಿಸಿದರೆ ನಮ್ಮ 850ರ ಬದಲು 910 ಆಯಿತು. ಹಳೆಯ ದೋಣಿಯ ತಳದಲ್ಲಿ ತುಂಬಿದ್ದ ನೊರೆಯಂಥ ಪದಾರ್ಥವು ಬಹುಕಾಲದಿಂದ ನೀರನ್ನು ಹೀರಿಕೊಂಡಿತ್ತಂತೆ. “ಬ್ರೇಕು ಹಾಕಿಯೇ ಮಾಡಿ” ಎಂದರು. ನಕ್ಷೆಯ ಒಪ್ಪಿಗೆಗೆ ಹಿಡಿದ ಕಾಲವೇ ಕೆಲಸಕ್ಕಿಂತ ಹೆಚ್ಚಾಯಿತು. ಅಷ್ಟರಲ್ಲಿ ಅವರು ನಾಲ್ಕು ಚಕ್ರಗಳ ಚಾಲನೆಯುಳ್ಳ, ಯಾರೋ ಬಳಸಿ ಬಿಟ್ಟ ಪಿಕಪ್ಪೊಂದನ್ನು ಕೊಂಡು, ಬ್ರೇಕುಗಳನ್ನೂ ಬ್ರೇಕಿನ ಎಣ್ಣೆಯನ್ನೂ ಹೊಸದಾಗಿ ಹಾಕಿಸಿದರು. ನೀರಿಗಿಳಿಸುವ ಮೊದಲು ಚಕ್ರದ ಗುಂಬಗಳು ಆರುವವರೆಗೆ ಕಾಯಬೇಕು, ಬಿಸಿಯಾಗಿರುವಾಗಲೇ ಮುಳುಗಿಸಿದರೆ ನೀರು ಒಳಗೆ ಸೇರಿ ಬೇರಿಂಗು ಕೆಡುವುದು. ಉಪ್ಪುನೀರು ತಾಗಿದ ಬ್ರೇಕುಗಳನ್ನು ಸಿಹಿನೀರಿನಿಂದ ತೊಳೆಯಬೇಕು ಎಂದು ಸೋದರಳಿಯನು ಒಂದು ಕಾಗದದಲ್ಲಿ ಬರೆದುಕೊಟ್ಟನು.

ಮೊದಲ ಪ್ರಯಾಣಕ್ಕೆ ಅವನನ್ನೂ ಜೊತೆಗೆ ಕರೆದೊಯ್ದರು. ಅಂದು ಮಧ್ಯಾಹ್ನದವರೆಗೆ ನಮಗೆ ಪತ್ರಿಕೆಯ ಮೇಲೆ ಕಣ್ಣು ನಿಲ್ಲಲಿಲ್ಲ. ಕಡೆಗೆ ಘಟ್ಟದ ಕೆಳಗಿನ ಗುಂಡ್ಯದಿಂದ ಫೋನು ಬಂತು: “ಮಾವ, ಇಳಿದಾಯ್ತು. ನಿಲ್ಲಿಸಿ ಟ್ರೇಲರಿನ ಚಕ್ರಗಳನ್ನು ಮುಟ್ಟಿ ನೋಡಿದೆವು. ಬೆಚ್ಚಗಿವೆ, ಅಷ್ಟೆ.”